ಬ್ಲಾಗ್ ಡೈರೆಕ್ಟರಿಗೆ ದುಡ್ಡು ಕಟ್ಟಿದರೆ ಈಗ ಸಿಗುವುದೇನು?

ಬ್ಲಾಗ್ ಶುರುಮಾಡಿ ಒಂದಷ್ಟು ತಿಂಗಳಾಯಿತೆಂದರೆ ಇಮೇಲ್‌ಗಳು ಬರತೊಡಗುತ್ತವೆ. ನಿಮ್ಮ ಬ್ಲಾಗ್ ನಮ್ಮ ಡೈರೆಕ್ಟರಿಗೆ ಆಯ್ಕೆಯಾಗಿದೆ, ಇಷ್ಟು ಡಾಲರ್ ಕಟ್ಟಿದರೆ ವಿಭಾಗದ ಮೇಲ್ತುದಿಯಲ್ಲಿ ಹಾಕುತ್ತೇವೆ, ಗೂಗಲ್‌ನಲ್ಲೂ ಮೇಲೆ ಬರುತ್ತೀರಿ ಎಂಬ ಧಾಟಿ. ಡೈರೆಕ್ಟರಿ ಎಂದರೆ ಜಾಲತಾಣಗಳನ್ನು ವಿಷಯವಾರು ಜೋಡಿಸಿದ ಪಟ್ಟಿ. ಎಲ್ಲವೂ ಮೋಸದ ಇಮೇಲ್‌ಗಳೇನಲ್ಲ. ಆದರೆ ಮಾರುತ್ತಿರುವ ಸರಕು ಮಾತ್ರ ಎಂದೋ ಬೆಲೆ ಕಳೆದುಕೊಂಡದ್ದು. ಅದಕ್ಕೆ ಬೆಲೆ ಬಂದದ್ದು ಹೇಗೆ, ಹೋದದ್ದು ಹೇಗೆ ಎಂದು ತಿಳಿದಿದ್ದರೆ ಇಂಥ ಇಮೇಲ್‌ಗೆ ಏನು ಉತ್ತರ ಕೊಡಬೇಕೆಂದು ಯಾರನ್ನೂ ಕೇಳಬೇಕಿಲ್ಲ.

ಮೊದಲು ಯಾಹೂ. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ ತಾವು ನೋಡಿದ ಜಾಲತಾಣಗಳನ್ನು ವಿಷಯವಾರು ಪಟ್ಟಿ ಮಾಡತೊಡಗಿದರು. ಆಗಿನ ಸರ್ಚ್ ಎಂಜಿನ್‌ಗಳು ಪುಟದಲ್ಲಿ ಒಂದು ಪದ ಎಷ್ಟು ಸಲ ಬಂದಿದೆ ಎಂಬುದಕ್ಕೇ ಹೆಚ್ಚು ಬೆಲೆ ಕೊಡುತ್ತಿದ್ದುದರಿಂದ ಕಸವೇ ಮೇಲೆ ತೇಲುತ್ತಿತ್ತು. ಮನುಷ್ಯರು ಕೂತು ಆರಿಸಿದ ಪಟ್ಟಿಗೆ ಸಹಜವಾಗಿಯೇ ಓದುಗರಿದ್ದರು. ಅರ್ಜಿಗಳು ರಾಶಿ ಬಿದ್ದವು, ಸಂಪಾದಕರು ಸಾಲಲಿಲ್ಲ. 1999ರಲ್ಲಿ ಯಾಹೂ ‘ಬಿಸಿನೆಸ್ ಎಕ್ಸ್‌ಪ್ರೆಸ್’ ಎಂಬ ವ್ಯವಸ್ಥೆ ತಂದಿತು. 199 ಡಾಲರ್ ಕಟ್ಟಿದರೆ ಏಳು ಕೆಲಸದ ದಿನಗಳೊಳಗೆ ನಿಮ್ಮ ತಾಣವನ್ನು ಒಬ್ಬ ಸಂಪಾದಕ ನೋಡುತ್ತಾನೆ. ನೋಡುತ್ತಾನೆ, ಅಷ್ಟೆ. ಸೇರಿಸಿಯೇ ತೀರುತ್ತೇನೆ ಎಂಬ ಮಾತಿರಲಿಲ್ಲ, ತಿರಸ್ಕರಿಸಿದರೆ ಹಣ ವಾಪಸ್ಸೂ ಇಲ್ಲ. 2001ರ ಕೊನೆಗೆ ಅದು ವರ್ಷಕ್ಕೆ 299 ಡಾಲರ್ ಆಯಿತು. ಆಗಿನ ದರದಲ್ಲಿ ಹದಿನಾಲ್ಕು ಸಾವಿರ ರೂಪಾಯಿಗೂ ಮೇಲೆ, ಪ್ರತಿ ವರ್ಷ.

ಲುಕ್‌ಸ್ಮಾರ್ಟ್ ಕಥೆ ಇನ್ನೂ ಕಹಿ. ಒಂದೇ ಸಲ ಹಣ ಕಟ್ಟಿಸಿಕೊಂಡು ಪಟ್ಟಿಗೆ ಸೇರಿಸುತ್ತಿದ್ದ ಆ ಡೈರೆಕ್ಟರಿ 2002ರಲ್ಲಿ ಇದ್ದಕ್ಕಿದ್ದಂತೆ ಕ್ಲಿಕ್ಕಿಗೆ 15 ಸೆಂಟ್ ಎಂಬ ಪದ್ಧತಿಗೆ ತಿರುಗಿತು. ಹಿಂದೆ ಕಟ್ಟಿದ್ದವರೂ ಮತ್ತೆ ಕಟ್ಟಬೇಕಾಯಿತು, ವಿಷಯ ಕೋರ್ಟಿಗೂ ಹೋಯಿತು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ದುಡ್ಡು ಪಡೆದು ತೋರಿಸುವ ಫಲಿತಾಂಶವನ್ನು ಹಾಗೆಂದು ಸ್ಪಷ್ಟವಾಗಿ ತಿಳಿಸಿ ಎಂದು ಸರ್ಚ್ ಎಂಜಿನ್ ಕಂಪನಿಗಳಿಗೆ ಪತ್ರ ಬರೆಯಿತು.

ಇವೆರಡಕ್ಕೂ ಎದುರಾಗಿ ನಿಂತದ್ದು ಓಪನ್ ಡೈರೆಕ್ಟರಿ ಪ್ರಾಜೆಕ್ಟ್, ಜನರ ಬಾಯಲ್ಲಿ ಡಿಮಾಜ್. 1998ರಲ್ಲಿ ಶುರುವಾಗಿ ಅದೇ ವರ್ಷ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ತೆಕ್ಕೆಗೆ ಬಿತ್ತು. ಸಂಪಾದಕರೆಲ್ಲ ಸ್ವಯಂಸೇವಕರು, ಸೇರಿಸಲು ಒಂದು ಪೈಸೆಯೂ ಇಲ್ಲ. ಆದರೆ ಅರ್ಜಿ ಹಾಕಿದವರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಬೇಕು, ತಿರಸ್ಕರಿಸಿದರೆ ಕಾರಣವೂ ತಿಳಿಯದು. ದುಡ್ಡು ಪಡೆದು ಬೇಗ ಸೇರಿಸುತ್ತೇವೆ ಎಂಬ ಡೈರೆಕ್ಟರಿಗಳಿಗೆ ಗಿರಾಕಿ ಹುಟ್ಟಿದ್ದರಲ್ಲಿ ಈ ಕಾಯುವಿಕೆಯ ಪಾಲು ಸಣ್ಣದಲ್ಲ.

ವ್ಯಾಪಾರದ ಅರ್ಥ ಬದಲಾದದ್ದು ಗೂಗಲ್‌ನಿಂದ. ಒಂದು ಪುಟಕ್ಕೆ ಬೇರೆ ಯಾವ ಪುಟಗಳು ಲಿಂಕ್ ಕೊಟ್ಟಿವೆ, ಆ ಪುಟಗಳ ಮಹತ್ವ ಎಷ್ಟು ಎಂಬುದರ ಮೇಲೆ ಅಂಕ ಹಾಕುವ ಪೇಜ್‌ರ‍್ಯಾಂಕ್ ಪದ್ಧತಿಯನ್ನು ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್, ಸೆರ್ಗಿ ಬ್ರಿನ್ ರೂಪಿಸಿದ್ದರು. 2000ದ ಡಿಸೆಂಬರ್‌ನಲ್ಲಿ ಬಂದ, ಬ್ರೌಸರ್‌ಗೆ ಜೋಡಿಸಿಕೊಳ್ಳುವ ಗೂಗಲ್ ಟೂಲ್‌ಬಾರ್ ಆ ಅಂಕವನ್ನು ಸೊನ್ನೆಯಿಂದ ಹತ್ತರವರೆಗೆ ಹಸಿರು ಪಟ್ಟಿಯಾಗಿ ಎಲ್ಲರ ಕಣ್ಣಿಗೂ ಕಾಣಿಸಿತು. ಯಾಹೂ, ಡಿಮಾಜ್‌ಗಳ ವಿಭಾಗ ಪುಟಗಳಿಗೆ ಒಳ್ಳೆಯ ಅಂಕವಿತ್ತು. ಡಿಮಾಜ್ ತನ್ನ ಇಡೀ ಪಟ್ಟಿಯನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಲು ಬಿಟ್ಟಿದ್ದರಿಂದ ಅಲ್ಲಿ ಒಮ್ಮೆ ಸೇರಿದರೆ ನಕಲು ತಾಣಗಳಲ್ಲೂ ನಿಮ್ಮ ಲಿಂಕ್ ತಾನಾಗಿಯೇ ಹುಟ್ಟಿಕೊಳ್ಳುತ್ತಿತ್ತು. ಗೂಗಲ್ ಡೈರೆಕ್ಟರಿ ಕೂಡ ಅದೇ ಪಟ್ಟಿಯನ್ನು ಪೇಜ್‌ರ‍್ಯಾಂಕ್ ಕ್ರಮದಲ್ಲಿ ಜೋಡಿಸಿದ್ದು. ಹೀಗಾಗಿ 299 ಡಾಲರ್ ಕಟ್ಟುವವರಿಗೆ ಡೈರೆಕ್ಟರಿಯ ಓದುಗರು ಮುಖ್ಯವಾಗಿ ಉಳಿಯಲಿಲ್ಲ, ಲಿಂಕ್ ಒಂದೇ ಮುಖ್ಯವಾಯಿತು.

ಲಿಂಕಿಗೆ ಬೆಲೆ ಇದೆ ಎಂದಾದ ಮೇಲೆ ಅದನ್ನು ಮಾರಲು ಸಂಪಾದಕರೂ ಬೇಡ, ಓದುಗರೂ ಬೇಡ. ಪಿಎಚ್‌ಪಿ ಲಿಂಕ್ ಡೈರೆಕ್ಟರಿಯಂಥ ಸಿದ್ಧ ಸ್ಕ್ರಿಪ್ಟ್ ಹಾಕಿಕೊಂಡರೆ ಒಂದು ಮಧ್ಯಾಹ್ನದಲ್ಲಿ ಡೈರೆಕ್ಟರಿ ತಯಾರು. ಅದರ ಅರ್ಜಿಯಲ್ಲಿ ಮೂರು ಬಗೆಯ ದರ್ಜೆ: ನೀವೂ ನಮಗೆ ಲಿಂಕ್ ಕೊಡಬೇಕಾದದ್ದು, ಸಾಮಾನ್ಯದ್ದು, ಮತ್ತು ‘ಫೀಚರ್ಡ್’. ಮೂರನೆಯದಕ್ಕೆ ದರ ಹೆಚ್ಚು, ವಿಭಾಗದ ತುದಿಯಲ್ಲಿ ಜಾಗ, ಜೊತೆಗೆ ಒಳಪುಟಗಳಿಗೂ ಕೆಲವು ಲಿಂಕ್. ಒಂದೇ ವಿವರಣೆಯನ್ನು ನೂರಾರು ಡೈರೆಕ್ಟರಿಗಳಿಗೆ ಒಟ್ಟಿಗೆ ತುಂಬಿಕೊಡುವ ಸೇವೆಗಳೂ ಹುಟ್ಟಿದವು. ಮುಂದೆ ಸಿಕ್ಕಿಬಿದ್ದದ್ದು ಇದರಿಂದಲೇ: ಅದೇ ಶೀರ್ಷಿಕೆ, ಅದೇ ಎರಡು ಸಾಲಿನ ವಿವರಣೆ, ಅದೇ ಲಿಂಕ್ ಪದಗಳು ಸಾಲುಸಾಲು ತಾಣಗಳಲ್ಲಿ ಕಂಡರೆ ಯಂತ್ರಕ್ಕೆ ಅದನ್ನು ಗುರುತಿಸುವುದು ಕಷ್ಟದ ಮಾತೇ ಅಲ್ಲ.

ಬ್ಲಾಗ್‌ಗಳ ಮಟ್ಟಿಗೆ 2002ರಲ್ಲಿ ಬಂದ ಟೆಕ್ನೊರಾಟಿ ದೊಡ್ಡ ಹೆಸರು. ಅದರ ಬಲ ಆ ಕ್ಷಣದ ಬ್ಲಾಗ್ ಹುಡುಕಾಟ, ಯಾರು ಯಾರಿಗೆ ಲಿಂಕ್ ಕೊಟ್ಟಿದ್ದಾರೆ ಎಂಬ ಲೆಕ್ಕ. ಓದುಗರು ನಿಜಕ್ಕೂ ಅಲ್ಲಿಗೆ ಹೋಗುತ್ತಿದ್ದರು. ಅದರ ಸುತ್ತ ಎದ್ದ ಸಣ್ಣಪುಟ್ಟ ಬ್ಲಾಗ್ ಡೈರೆಕ್ಟರಿಗಳ ಬೇಡಿಕೆ ಬೇರೆ: ನಿಮ್ಮ ಬ್ಲಾಗಿನ ಪಕ್ಕದ ಪಟ್ಟಿಯಲ್ಲಿ ನಮ್ಮ ಬ್ಯಾಡ್ಜ್ ಹಾಕಿ, ಇಲ್ಲವೇ ದುಡ್ಡು ಕೊಡಿ. ಬ್ಯಾಡ್ಜ್ ಎಂದರೆ ಪ್ರತಿ ಪುಟದಿಂದಲೂ ಅವರ ಕಡೆಗೆ ಒಂದು ಲಿಂಕ್. ಹೊಸ ಬ್ಲಾಗಿಗನಿಗೆ ಇದು ಪುಕ್ಕಟೆ ಅನ್ನಿಸುತ್ತಿತ್ತು, ಆದರೆ ಹೆಚ್ಚು ಲಾಭ ಹೋಗುತ್ತಿದ್ದುದು ಆ ಕಡೆಗೇ.

2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಮೂರೂ ನೋಫಾಲೋ ಗುರುತನ್ನು ಒಪ್ಪಿಕೊಂಡವು. ಲಿಂಕಿನ ಕೋಡ್‌ನಲ್ಲಿ ಆ ಪದವಿದ್ದರೆ ಅಂಕಕ್ಕೆ ಲೆಕ್ಕವಿಲ್ಲ. ಕಾಮೆಂಟ್ ಸ್ಪ್ಯಾಮ್ ತಡೆಯಲು ತಂದ ಈ ಗುರುತನ್ನು ಗೂಗಲ್ ನಂತರ ದುಡ್ಡು ಕೊಟ್ಟ ಲಿಂಕುಗಳಿಗೂ ಹಾಕಿ ಎಂದಿತು. 2007ರಲ್ಲಿ ಹಲವು ಡೈರೆಕ್ಟರಿಗಳ ಹಸಿರು ಪಟ್ಟಿ ಕುಸಿಯಿತು. 2008ರಲ್ಲಿ ‘ನಿಮ್ಮ ತಾಣವನ್ನು ಡೈರೆಕ್ಟರಿಗಳಿಗೆ ಸೇರಿಸಿ’ ಎಂಬ ಸಲಹೆಯೇ ಗೂಗಲ್ ಮಾರ್ಗಸೂಚಿಯಿಂದ ಮಾಯವಾಯಿತು. ಹಾಗಾದರೆ ಯಾಹೂ 299 ಡಾಲರ್ ತೆಗೆದುಕೊಳ್ಳುವುದೂ ಲಿಂಕ್ ಮಾರಾಟವೇ ತಾನೆ ಎಂದು ಜನ ಕೇಳಿದರು. ಗೂಗಲ್‌ನ ಸ್ಪ್ಯಾಮ್ ತಡೆ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ ಕೊಡುತ್ತಿದ್ದ ಉತ್ತರದ ಸಾರ ಇಷ್ಟು: ಅಲ್ಲಿ ಹಣ ಪರಿಶೀಲನೆಗೆ, ಸಂಪಾದಕರು ತಿರಸ್ಕರಿಸುವುದೂ ಉಂಟು. ಕೊಂಚ ಜಾಣ ಉತ್ತರವೇ. ಆದರೂ ಅದರಲ್ಲಿ ಇವತ್ತಿಗೂ ಕೆಲಸಕ್ಕೆ ಬರುವ ಒರೆಗಲ್ಲೊಂದಿದೆ. ಹಣ ಕಟ್ಟಿದವರೆಲ್ಲರನ್ನೂ ಸೇರಿಸಿಕೊಳ್ಳುವ ಡೈರೆಕ್ಟರಿ ಡೈರೆಕ್ಟರಿಯಲ್ಲ, ಜಾಹೀರಾತು ಗೋಡೆ.

ಕೊನೆಯ ಹೊಡೆತ 2012ರ ಏಪ್ರಿಲ್ 24ರ ಪೆಂಗ್ವಿನ್, ಕೃತಕ ಲಿಂಕುಗಳನ್ನು ಗುರಿಯಾಗಿಸಿ ಗೂಗಲ್ ತನ್ನ ಲೆಕ್ಕಾಚಾರದಲ್ಲಿ ತಂದ ಬದಲಾವಣೆ. ಅಲ್ಲಿಯವರೆಗೆ ಕೆಟ್ಟ ಲಿಂಕಿನಿಂದ ಸಾಮಾನ್ಯವಾಗಿ ದುಡ್ಡು ದಂಡ, ಅಷ್ಟೆ ಎಂದಿದ್ದದ್ದು, ಇನ್ನು ಮೇಲೆ ತಾಣವೇ ಕೆಳಗೆ ಬೀಳುತ್ತದೆ ಎಂದಾಯಿತು. ಹಿಂದೆ ಹಣ ಕೊಟ್ಟು ಲಿಂಕ್ ಹಾಕಿಸಿದವರು ತೆಗೆಸಲು ಓಡಾಡಿದರು, ಕೆಲವು ಡೈರೆಕ್ಟರಿಗಳು ತೆಗೆಯುವುದಕ್ಕೂ ಶುಲ್ಕ ಕೇಳಿದವು. ಅದೇ ಅಕ್ಟೋಬರ್‌ನಲ್ಲಿ ಗೂಗಲ್, ಈ ಲಿಂಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ತಿಳಿಸುವ ‘ಡಿಸ್‌ಅವೋ’ ಸಾಧನ ಕೊಟ್ಟದ್ದು ಈ ಗೋಳಿನ ನಡುವೆ. 2014ರ ಮೇನಲ್ಲಿ ಟೆಕ್ನೊರಾಟಿ ತನ್ನ ಬ್ಲಾಗ್ ಪಟ್ಟಿಯನ್ನು ಕೈಬಿಟ್ಟಿತು, ಡಿಸೆಂಬರ್‌ನಲ್ಲಿ ಯಾಹೂ ಡೈರೆಕ್ಟರಿ ಮುಚ್ಚಿತು. 2016ರಲ್ಲಿ ಟೂಲ್‌ಬಾರ್‌ನ ಪೇಜ್‌ರ‍್ಯಾಂಕ್ ಹೋಯಿತು, 2017ರ ಮಾರ್ಚ್ 17ಕ್ಕೆ ಡಿಮಾಜ್. ಮುಚ್ಚುವಾಗ ಅದರಲ್ಲಿ 38 ಲಕ್ಷಕ್ಕೂ ಹೆಚ್ಚು ತಾಣಗಳಿದ್ದವು.

2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಗೂಗಲ್‌ನ ಮೂಲ ಲೆಕ್ಕಾಚಾರದಲ್ಲೇ ಸೇರಿಹೋಗಿದೆ. ಈಗ ಅದು ಕೆಟ್ಟ ಲಿಂಕನ್ನು ಸಾಮಾನ್ಯವಾಗಿ ಶಿಕ್ಷಿಸುವುದಿಲ್ಲ, ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2019ರಲ್ಲಿ ದುಡ್ಡಿನ ಲಿಂಕಿಗೆಂದೇ ‘ಸ್ಪಾನ್ಸರ್ಡ್’ ಎಂಬ ಪ್ರತ್ಯೇಕ ಗುರುತು ಬಂತು. ಕಳಪೆ ಡೈರೆಕ್ಟರಿ ಲಿಂಕುಗಳನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿಯೇ ಸೇರಿಸಿದೆ. ಇಲ್ಲಿಗೆ ಇಕ್ಕಟ್ಟು ಪೂರ್ತಿಯಾಯಿತು. ನೀವು ದುಡ್ಡು ಕೊಟ್ಟ ಲಿಂಕಿಗೆ ಗುರುತು ಹಾಕಿದ್ದರೆ ಅದು ರ‍್ಯಾಂಕಿಂಗ್‌ಗೆ ನೆರವಾಗುತ್ತದೆಂದು ನಂಬುವಂತಿಲ್ಲ. ಹಾಕಿಲ್ಲದಿದ್ದರೆ ನಿಯಮ ಮುರಿದಂತೆ. ಎರಡು ದಾರಿಯಲ್ಲೂ ‘ಗೂಗಲ್‌ನಲ್ಲಿ ಮೇಲೆ ಬರುತ್ತೀರಿ’ ಎಂಬ ಮಾತಿಗೆ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಉಳಿಯುವುದು ಒಂದೇ ಪ್ರಶ್ನೆ: ಆ ಡೈರೆಕ್ಟರಿಯಿಂದ ಓದುಗರು ಬರುತ್ತಾರೆಯೇ? ಕಟ್ಟುವ ಮುಂಚೆಯೇ ಇದನ್ನು ಸುಮಾರಾಗಿ ಅಳೆಯಬಹುದು. ನಿಮ್ಮ ಬ್ಲಾಗ್ ಸೇರಬೇಕಾದ ವಿಭಾಗದ ಪುಟವನ್ನೇ ತೆರೆಯಿರಿ, ಮುಖಪುಟ ನೋಡಿ ಮರುಳಾಗಬೇಡಿ. ಆ ಪುಟದ ವಿಳಾಸವನ್ನು ಗೂಗಲ್‌ನಲ್ಲಿ ‘ಸೈಟ್’ (site:) ಆದೇಶದ ಜೊತೆ ಹುಡುಕಿ. ಫಲಿತಾಂಶದಲ್ಲೇ ಬರದಿದ್ದರೆ ಹುಡುಕಿಕೊಂಡು ಬರುವ ಓದುಗ ಅದನ್ನು ನೋಡುವುದಿಲ್ಲ. ಪಟ್ಟಿಯಲ್ಲಿರುವ ಹತ್ತು ಬ್ಲಾಗ್‌ಗಳನ್ನು ಒತ್ತಿ ನೋಡಿ: ಎಷ್ಟು ಬದುಕಿವೆ, ಎಷ್ಟು ಡೊಮೇನ್ ಅವಧಿ ಮುಗಿದು ಜೂಜಿನ ತಾಣಗಳಾಗಿವೆ? ಮೂರು ನಾಲ್ಕು ಸತ್ತಿದ್ದರೆ ಅಲ್ಲಿ ಸಂಪಾದಕರು ಯಾರೂ ಇಲ್ಲ ಎಂದೇ ಲೆಕ್ಕ. ಒಂದು ಲಿಂಕಿನ ಮೇಲೆ ಬಲ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿದರೆ ಅದು ನೇರ ಬ್ಲಾಗಿಗೆ ಹೋಗುತ್ತದೋ, ಡೈರೆಕ್ಟರಿಯದೇ ರೀಡೈರೆಕ್ಟ್ ಪುಟ ಸುತ್ತಿ ಹೋಗುತ್ತದೋ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಈಗಾಗಲೇ ಇರುವ ಒಬ್ಬಿಬ್ಬರಿಗೆ ಬರೆದು, ತಿಂಗಳಿಗೆ ಎಷ್ಟು ಜನ ಅಲ್ಲಿಂದ ಬರುತ್ತಾರೆ ಎಂದು ಕೇಳುವುದು ಇವೆಲ್ಲಕ್ಕಿಂತ ಒಳ್ಳೆಯದು. ಬ್ಲಾಗಿಗರು ಸಾಮಾನ್ಯವಾಗಿ ಹೇಳುತ್ತಾರೆ.

ಲೆಕ್ಕವನ್ನೂ ಹಾಕಿಬಿಡೋಣ. ಶುಲ್ಕ 49 ಡಾಲರ್, ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 4,165. ಕಾರ್ಡಿನ ವಿದೇಶಿ ವಹಿವಾಟು ಶುಲ್ಕ ಶೇ 3.5 ಇದ್ದರೆ 146, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ 26. ಒಟ್ಟು 4,337 ರೂಪಾಯಿ. ವರ್ಷಕ್ಕೆ 40 ಜನ ಬಂದರೆ ತಲೆಗೆ 108 ರೂಪಾಯಿ ಬಿತ್ತು. ಪುಸ್ತಕವನ್ನೋ ತರಬೇತಿಯನ್ನೋ ಮಾರುವವರಿಗೆ, ಆ 40ರಲ್ಲಿ ನಾಲ್ವರು ಕೊಂಡರೆ, ಇದು ನಡೆದೀತು. ಸುಮ್ಮನೆ ಬರೆಯುವವರಿಗೆ ನಡೆಯದು. ಕಟ್ಟಲೇಬೇಕೆನಿಸಿದರೆ ಡೈರೆಕ್ಟರಿಗೆ ಕೊಡುವ ವಿಳಾಸದ ಕೊನೆಗೆ ಯುಟಿಎಂ ಗುರುತು (ಓದುಗ ಯಾವ ತಾಣದಿಂದ ಬಂದನೆಂದು ಹೇಳುವ ಪದಗಳು) ಸೇರಿಸಿ, ಇಲ್ಲದಿದ್ದರೆ ಯಾರು ಎಲ್ಲಿಂದ ಬಂದರೆಂದು ಭೇಟಿಗಳ ಲೆಕ್ಕವಿಡುವ ಅನಲಿಟಿಕ್ಸ್‌ನಲ್ಲಿ ಸರಿಯಾಗಿ ಬೇರ್ಪಡುವುದಿಲ್ಲ. ಬಂದವರೆಲ್ಲ ಒಂದೆರಡು ಸೆಕೆಂಡಿನಲ್ಲಿ ಹೊರಟಿದ್ದರೆ, ಅದರಲ್ಲೂ ಕನ್ನಡ ಓದುವವರು ಅಪರೂಪವಾಗಿರುವ ದೇಶಗಳಿಂದ ಬಂದಿದ್ದರೆ, ಅವರಲ್ಲಿ ಬಹುಪಾಲು ಬಹುಶಃ ಮನುಷ್ಯರಲ್ಲ, ಬಾಟ್‌ಗಳು ಎಂಬ ಯಾಂತ್ರಿಕ ಪ್ರೋಗ್ರಾಂಗಳು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ತೊಡಕು. ಇಂಥ ಡೈರೆಕ್ಟರಿಗಳ ವಿಭಾಗಗಳೆಲ್ಲ ಇಂಗ್ಲಿಷ್ ವಿಷಯಗಳಿಗೆ ಹೊಲಿದವು, ಕನ್ನಡ ಅಡುಗೆ ಬ್ಲಾಗ್ ‘ಫುಡ್’ ಅಡಿಯಲ್ಲಿ ಇಂಗ್ಲಿಷ್ ಬ್ಲಾಗ್‌ಗಳ ನಡುವೆ ಹೂತುಹೋಗುತ್ತದೆ. ಹಳೆಯ ಸ್ಕ್ರಿಪ್ಟ್‌ಗಳ ಡೇಟಾಬೇಸ್ ಯೂನಿಕೋಡ್‌ಗೆ ಸಿದ್ಧವಿಲ್ಲದಿದ್ದರೆ ಬ್ಲಾಗಿನ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಹಣ ಕಟ್ಟಿದ ಮೇಲೆ ತಿಳಿಯುವ ಸಂಗತಿ ಇದು.

ಅದಕ್ಕಿಂತ ಬಿಟ್ಟಿಯಾಗಿ ಆಗುವ ಕೆಲಸಗಳೇ ಹೆಚ್ಚು ಫಲ ಕೊಡುತ್ತವೆ. ಗೂಗಲ್‌ನ ಉಚಿತ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ಬ್ಲಾಗ್ ನಿಮ್ಮದೆಂದು ದೃಢಪಡಿಸಿ ಸೈಟ್‌ಮ್ಯಾಪ್ (ಬ್ಲಾಗಿನ ಪುಟಗಳ ಪಟ್ಟಿ) ಕೊಡಿ, ಬ್ಲಾಗರ್‌ನಲ್ಲೂ ವರ್ಡ್‌ಪ್ರೆಸ್‌ನ 5.5 ಮತ್ತು ನಂತರದ ಆವೃತ್ತಿಗಳಲ್ಲೂ ಅದು ತಾನಾಗಿ ತಯಾರಾಗುತ್ತದೆ. ಆಮೇಲೆ ಲೇಖನಗಳ ವಿಳಾಸ ನೋಡಿ. ಬ್ಲಾಗರ್‌ನಲ್ಲಿ ಶೀರ್ಷಿಕೆ ಬರೀ ಕನ್ನಡದಲ್ಲಿದ್ದರೆ ವಿಳಾಸದಲ್ಲಿ ಕನ್ನಡ ಅಕ್ಷರಗಳು ಉದುರಿಹೋಗಿ ‘ಬ್ಲಾಗ್-ಪೋಸ್ಟ್_12’ ಎಂಬಂಥ ಹೆಸರು ಉಳಿಯುತ್ತದೆ, ವಿಷಯ ಏನೆಂದು ಅದರಿಂದ ಯಾರಿಗೂ ತಿಳಿಯದು. ಪ್ರಕಟಿಸುವ ಮೊದಲೇ ಬಲಬದಿಯ ಪರ್ಮಾಲಿಂಕ್‌ನಲ್ಲಿ ‘ಕಸ್ಟಮ್’ ಆರಿಸಿ ಮೂರು ನಾಲ್ಕು ಪದಗಳನ್ನು ರೋಮನ್ ಅಕ್ಷರದಲ್ಲಿ ಬರೆಯಿರಿ. ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತದೆ, ಆದರೆ ಒಂದೊಂದು ಯೂನಿಕೋಡ್ ಸಂಕೇತಕ್ಕೂ ಒಂಬತ್ತು ಅಕ್ಷರದ ಜಾಗ ಹಿಡಿಯುತ್ತದೆ. ಅದಕ್ಕಿರುವ ಮಿತಿ 200. ಹೀಗಾಗಿ ಸುಮಾರು 22 ಸಂಕೇತ ಆಗುವಷ್ಟರಲ್ಲಿ ಶೀರ್ಷಿಕೆ ಕತ್ತರಿಸಿಹೋಗುತ್ತದೆ. ಕಾಗುಣಿತದ ಚಿಹ್ನೆಗೆ ಒಂದು, ಒತ್ತಿಗೆ ಎರಡು ಸಂಕೇತ ಬೇಕಾದ್ದರಿಂದ ಮೂರನೆಯ ಪದ ಪೂರ್ತಿ ಬಂದರೆ ಹೆಚ್ಚು.

ಈಗಾಗಲೇ ದುಡ್ಡು ಕಟ್ಟಿದವರು ಗಾಬರಿಪಡಬೇಕಿಲ್ಲ. ಗೂಗಲ್ ಸಿಬ್ಬಂದಿ ತಾಣದ ಮೇಲೆ ಕೈಗೊಂಡ ಕ್ರಮ ತೋರಿಸುವ, ಸರ್ಚ್ ಕನ್ಸೋಲ್‌ನ ‘ಮ್ಯಾನ್ಯುವಲ್ ಆ್ಯಕ್ಷನ್ಸ್’ ಪುಟದಲ್ಲಿ ಏನೂ ಇಲ್ಲದಿದ್ದರೆ ಒಂದೆರಡು ಡೈರೆಕ್ಟರಿ ಲಿಂಕ್‌ಗಳನ್ನು ಹಾಗೇ ಬಿಡಬಹುದು. ಅಲ್ಲಿ ಅಸಹಜ ಲಿಂಕುಗಳ ಬಗ್ಗೆ ನೋಟಿಸ್ ಇದ್ದರೆ ಮೊದಲು ಡೈರೆಕ್ಟರಿಗೆ ಬರೆದು ತೆಗೆಯಲು ಕೇಳಿ. ತೆಗೆಯದಿದ್ದರೆ ಸಾದಾ ಪಠ್ಯ ಕಡತದಲ್ಲಿ ಸಾಲಿಗೊಂದರಂತೆ ‘ಡೊಮೇನ್’ (domain) ಪದ, ಕೋಲನ್, ತಾಣದ ಹೆಸರು ಇಂಗ್ಲಿಷ್‌ನಲ್ಲಿ ಬರೆದು ಡಿಸ್‌ಅವೋ ಸಾಧನಕ್ಕೆ ಏರಿಸಿ. ಸರ್ಚ್ ಕನ್ಸೋಲ್‌ನಲ್ಲಿ ಬ್ಲಾಗನ್ನು ಡೊಮೇನ್ ಪ್ರಾಪರ್ಟಿಯಾಗಿ (ಇಡೀ ಡೊಮೇನ್ ಒಟ್ಟಿಗೆ) ನೋಂದಾಯಿಸಿದ್ದರೆ ಈ ಸಾಧನ ಸಿಗುವುದಿಲ್ಲ, ಅದೇ ಬ್ಲಾಗನ್ನು ಯುಆರ್‌ಎಲ್ ಪ್ರಿಫಿಕ್ಸ್ ಆಗಿ (ಪೂರ್ತಿ ವಿಳಾಸ ಕೊಟ್ಟು) ಇನ್ನೊಮ್ಮೆ ಸೇರಿಸಬೇಕು.

ಉಳಿದದ್ದು ವಾರ್ಷಿಕ ನವೀಕರಣ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಇ-ಮ್ಯಾಂಡೇಟ್ ಕೊಟ್ಟಿದ್ದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕಿನ ಸಂದೇಶ ಬರುತ್ತದೆ. ಆ ಕಡಿತವನ್ನು ಅದರಿಂದಲೇ ತಡೆಯಬಹುದು. ಡೈರೆಕ್ಟರಿಯ ಒಪ್ಪಿಗೆಗೆ ಕಾಯುವ ಅಗತ್ಯವಿಲ್ಲ, ಬ್ಯಾಂಕಿನ ಆ್ಯಪ್‌ನಲ್ಲಿ ಮ್ಯಾಂಡೇಟ್ ಅನ್ನೇ ರದ್ದುಮಾಡಿದರಾಯಿತು.