ವಿಲ್ಲಿ ಮಿಚೆಲ್: ವಾದ್ಯವೃಂದದಿಂದ ಬಂದ ನಿರ್ಮಾಪಕ

ಧ್ವನಿಮುದ್ರಣ ಕಲಿಯಲು ಬರುವವರು ಯಾವ ಮೈಕ್ ಒಳ್ಳೆಯದೆಂದು ಕೇಳಿದಾಗ ನಾನು ಮೊದಲು ಕೇಳಿಸುವುದು ಅಮೆರಿಕದ ಮೆಂಫಿಸ್‌ನ ರಾಯಲ್ ಸ್ಟುಡಿಯೋದಲ್ಲಿ ವಿಲ್ಲಿ ಮಿಚೆಲ್ ರೂಪಿಸಿದ ಸೋಲ್ (ಅಮೆರಿಕದ ಕಪ್ಪು ಜನರ ಭಾವಪೂರ್ಣ ಜನಪ್ರಿಯ ಸಂಗೀತ) ಹಾಡುಗಳನ್ನು. ಅಲ್ಲಿ ಯಂತ್ರಕ್ಕಿಂತ ಹೆಚ್ಚಾಗಿ ಕೇಳಿಸುವುದು, ತನ್ನ ವಾದಕರನ್ನು ಬಲ್ಲ ಮನುಷ್ಯನ ವಿವೇಕ.

1928ರಲ್ಲಿ ಮಿಸಿಸಿಪಿಯ ಆಶ್‌ಲ್ಯಾಂಡಿನಲ್ಲಿ ಹುಟ್ಟಿದ ಮಿಚೆಲ್ ಟ್ರಂಪೆಟ್ ವಾದಕರು. ಮೆಂಫಿಸ್‌ನಲ್ಲಿ ಸ್ವಂತ ತಂಡ ಕಟ್ಟಿ, ಹೈ ರೆಕಾರ್ಡ್ಸ್ ಎಂಬ ಧ್ವನಿಮುದ್ರಿಕೆ ಸಂಸ್ಥೆಗೆ ವಾದ್ಯಸಂಗೀತ ನುಡಿಸುತ್ತಿದ್ದರು. 1968ರ ‘ಸೋಲ್ ಸೆರೆನೇಡ್’ ಅವರಿಗೆ ಹೆಸರು ತಂದಿತು. 1970ರಲ್ಲಿ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಜೋ ಕುವೋಗಿ ತೀರಿಕೊಂಡ ಮೇಲೆ ಅದರ ಹೊಣೆ ಮಿಚೆಲ್‌ರ ಹೆಗಲಿಗೆ ಬಂದಿತು.

ಗಿಟಾರಿನ ಟೀನಿ, ಬೇಸ್‌ನ ಲೆರಾಯ್, ಆರ್ಗನ್ನಿನ ಚಾರ್ಲ್ಸ್ ಎಂಬ ಹಾಡ್ಜಸ್ ಸಹೋದರರು, ಡ್ರಮ್‌ಗೆ ಹೊವರ್ಡ್ ಗ್ರೈಮ್ಸ್ ಅಥವಾ ಅಲ್ ಜಾಕ್ಸನ್: ಹಾಡುಗಾರರು ಯಾರೇ ಇರಲಿ, ನುಡಿಸುವವರು ಬಹುಮಟ್ಟಿಗೆ ಇವರೇ. ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ತುಂಬಲು ಹೋಗುತ್ತಿರಲಿಲ್ಲ. ಆ ಸಂಯಮ ವರ್ಷಗಟ್ಟಲೆ ಒಟ್ಟಿಗೆ ನುಡಿಸಿದ್ದರಿಂದ ಬಂದದ್ದು. ಒಂದು ದಿನದ ಸೆಷನ್‌ಗೆ ಸೇರಿದವರಿಂದ ಅದನ್ನು ಪಡೆಯುವುದು ಬಹಳ ಕಷ್ಟವೆಂಬುದು ನನ್ನ ಅನುಭವ. ಹಳೆಯ ಚಿತ್ರಮಂದಿರವಾಗಿದ್ದ ಆ ಸ್ಟುಡಿಯೋದ ಇಳಿಜಾರು ನೆಲವನ್ನೂ ಮಿಚೆಲ್ ಸಮತಟ್ಟು ಮಾಡಿಸದೆ ಹಾಗೆಯೇ ಉಳಿಸಿಕೊಂಡರು.

ಮಿಚೆಲ್ ರೂಪಿಸಿದ ಗಾಯಕರಲ್ಲಿ ಒಬ್ಬರಾದ ಅಲ್ ಗ್ರೀನ್ ಮೊದಮೊದಲು ಗಂಟಲೆತ್ತಿ ಹಾಡುತ್ತಿದ್ದರು. ಮೆಲ್ಲಗೆ ಹಾಡುವಂತೆ ಒತ್ತಾಯಿಸಿದವರು ಮಿಚೆಲ್. ಇದರಲ್ಲಿ ತಾಂತ್ರಿಕ ಲಾಭವೂ ಇದೆ. ಗ್ರೀನ್ ಬಳಸಿದ್ದು ಆರ್‌ಸಿಎ ಕಂಪನಿಯ ರಿಬ್ಬನ್ ಮೈಕ್, ಎಂದರೆ ತೆಳುವಾದ ಲೋಹದ ಪಟ್ಟಿಯ ಕಂಪನದಿಂದ ದನಿ ಹಿಡಿಯುವ ಮೈಕ್. ಅಂಥ ಮೈಕಿಗೆ ಹತ್ತಿರ ನಿಂತಷ್ಟೂ ಕಂಠದ ಮಂದ್ರ ಭಾಗ ತುಂಬಿಕೊಳ್ಳುತ್ತದೆ, ಮೆಲುದನಿಯಲ್ಲಿ ಉಸಿರೂ ತುಟಿಯ ಚಲನೆಯೂ ಸ್ಪಷ್ಟವಾಗಿ ದಾಖಲಾಗುತ್ತವೆ, ತಂಡವೂ ಗಾಯಕನ ಮಟ್ಟಕ್ಕೆ ತಗ್ಗಬೇಕಾಗುತ್ತದೆ. 1972ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಗ್ರೀನ್‌ರ ‘ಲೆಟ್ಸ್ ಸ್ಟೇ ಟುಗೆದರ್’ ಕೇಳಿದರೆ ಇದು ತಿಳಿಯುತ್ತದೆ. ಗಾಯಕಿ ಆ್ಯನ್ ಪೀಬಲ್ಸ್‌ರ ‘ಐ ಕಾಂಟ್ ಸ್ಟ್ಯಾಂಡ್ ದ ರೇನ್’ನ ಆರಂಭದಲ್ಲಿ ಮಳೆಹನಿಯಂತೆ ತೊಟ್ಟಿಕ್ಕುವ ಎಲೆಕ್ಟ್ರಿಕ್ ಟಿಂಬಾಲಿ ಎಂಬ ತಾಳವಾದ್ಯದ ಸದ್ದನ್ನು ಗಮನಿಸಿ: ಹೊಸ ವಾದ್ಯ ಕೈಗೆ ಬಂದಾಗಲೂ ಅದು ಹಾಡಿನ ಅರ್ಥಕ್ಕೇ ದುಡಿಯುವಂತೆ ಮಿಚೆಲ್ ನೋಡಿಕೊಂಡರು.

1977ರಲ್ಲಿ ಹೈ ರೆಕಾರ್ಡ್ಸ್ ಕ್ರೀಮ್ ಎಂಬ ಸಂಸ್ಥೆಗೆ ಮಾರಾಟವಾಯಿತು. ಮಿಚೆಲ್ ಸ್ಟುಡಿಯೋ ಬಿಡಲಿಲ್ಲ. 2003ರ ‘ಐ ಕಾಂಟ್ ಸ್ಟಾಪ್’ ಆಲ್ಬಮ್‌ಗೆ ಗ್ರೀನ್ ಮತ್ತೆ ಅಲ್ಲಿಗೇ ಬಂದರು. ಮಿಚೆಲ್ 2010ರ ಜನವರಿಯಲ್ಲಿ ತೀರಿಕೊಂಡ ಮೇಲೂ ಅವರ ಕುಟುಂಬ ಸ್ಟುಡಿಯೋ ನಡೆಸುತ್ತ ಬಂದಿದೆ.