ಆರಿದ್ರಾ ಮಳೆಯಲ್ಲಿ 1:35ರ ಜೀಪಿಗೆ ಬಣ್ಣ

ನಿಜವಾದ ಗಾಡಿಯ ಮೂವತ್ತೈದನೇ ಒಂದು ಅಳತೆಯ (1:35) ಪ್ಲಾಸ್ಟಿಕ್ ಮಾಡೆಲ್ ಕಿಟ್ಟಿನ ಪೆಟ್ಟಿಗೆಯೊಳಗಿನ ಸೂಚನಾ ಹಾಳೆಯಲ್ಲಿ ಯಾವ ಭಾಗಕ್ಕೆ ಯಾವ ಬಣ್ಣ ಎಂದು ಇರುತ್ತದೆಯೇ ಹೊರತು, ಯಾವ ಗಾಳಿಯಲ್ಲಿ ಹೊಡೆಯಬೇಕು ಎಂದು ಇರುವುದಿಲ್ಲ. ಅದನ್ನು ಬರೆದವರು ಒಣ ಕೋಣೆಯಲ್ಲಿ ಕೂತವರು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯಲ್ಲೋ, ತೀರ್ಥಹಳ್ಳಿ, ಹೊಸನಗರದಲ್ಲೋ ಆರಿದ್ರಾ ಹಿಡಿದ ಮೇಲೆ ಅದೇ ಹಾಳೆಯನ್ನು ನಂಬಿ ಬಣ್ಣ ಹೊಡೆದರೆ, ಕಡುಹಸಿರು ಜೀಪು ಅರ್ಧ ಗಂಟೆಯಲ್ಲಿ ಬೂದಿ ಬಳಿದಂತೆ ಕೂತಿರುತ್ತದೆ. ಬಣ್ಣ ಹಳೆಯದು, ಥಿನ್ನರ್ ಕಲಬೆರಕೆ ಎಂದು ಬೈಯುವುದು ಆಮೇಲೆ. ತಪ್ಪು ಬಹುತೇಕ ಅವೆರಡರದ್ದೂ ಅಲ್ಲ.

ಆಗುವುದಿಷ್ಟು. ಲ್ಯಾಕರ್ ಬಣ್ಣದ ಥಿನ್ನರ್ ಬೇಗ ಆರುತ್ತದೆ, ಆರುವಾಗ ಮೇಲ್ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಸ್ಪಿರಿಟ್ ಹಚ್ಚಿದಾಗ ಕೈ ತಣ್ಣಗಾಗುವ ಹಾಗೆ. ಕೋಣೆ 24 ಡಿಗ್ರಿ, ಗಾಳಿಯ ತೇವಾಂಶ ಶೇ 60 ಇದ್ದರೆ ಇಬ್ಬನಿ ಕಟ್ಟುವ ಮಟ್ಟ ಸುಮಾರು 16 ಡಿಗ್ರಿ. ಮಾಡೆಲ್ ಎಂಟು ಡಿಗ್ರಿ ತಣ್ಣಗಾದರೆ ಮಾತ್ರ ಅಪಾಯ. ಅದೇ 24 ಡಿಗ್ರಿಯಲ್ಲಿ ತೇವಾಂಶ ಶೇ 90ಕ್ಕೆ ಏರಿದರೆ ಇಬ್ಬನಿಯ ಮಟ್ಟ 22 ಡಿಗ್ರಿ ದಾಟುತ್ತದೆ. ಎರಡು ಡಿಗ್ರಿ ಇಳಿದರೆ ಸಾಕು, ಹಸಿ ಬಣ್ಣದ ಮೇಲೆ ನೀರು ಕೂತಿತು. ಆ ಸೂಕ್ಷ್ಮ ಹನಿಗಳು ಪದರದೊಳಗೆ ಸಿಕ್ಕಿ ಬೆಳಕನ್ನು ಚದುರಿಸುವುದೇ ಆ ಬಿಳಿ. ವಾಹನಕ್ಕೆ ಡ್ಯೂಕೊ ಹೊಡೆಯುವವರು ಜಡಿಮಳೆಯ ದಿನ 'ಇವತ್ತು ಬೇಡ, ಬಿಳಿ ಹಿಡಿಯುತ್ತೆ' ಎನ್ನುವುದು ಇದಕ್ಕೇ.

ಪರಿಹಾರ ಮಲೆನಾಡಿನ ಪ್ರತಿ ಮನೆಗೂ ಗೊತ್ತು. ಬಚ್ಚಲ ಒಲೆಯ ಮೇಲಿನ ತಂತಿಗೆ ಬಟ್ಟೆ ಹರವುವಾಗ ಗಾಳಿಯಲ್ಲಿರುವ ನೀರನ್ನು ಯಾರೂ ತೆಗೆಯುವುದಿಲ್ಲ, ಗಾಳಿಯನ್ನು ಬಿಸಿ ಮಾಡುತ್ತಾರೆ. 24 ಡಿಗ್ರಿ, ಶೇ 90 ತೇವದ ಗಾಳಿಯನ್ನು 35 ಡಿಗ್ರಿಗೆ ಏರಿಸಿದರೆ, ಒಂದು ಹನಿ ನೀರೂ ಹೊರಗೆ ಹೋಗದೆ ಅದರ ತೇವಾಂಶ ಶೇ 48ರ ಆಸುಪಾಸಿಗೆ ಇಳಿಯುತ್ತದೆ. ಹಾಗೆಂದು ಮಾಡೆಲ್ಲನ್ನು ಬಚ್ಚಲ ಒಲೆಯ ಮೇಲಿಡಬೇಡಿ. ಮಸಿ ಕೂರುತ್ತದೆ, ಪ್ಲಾಸ್ಟಿಕ್ ಬಾಗುತ್ತದೆ.

ಒಂದು ರಟ್ಟಿನ ಪೆಟ್ಟಿಗೆ ಸಾಕು, ಸುಮಾರು 45 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಒಂದು ತುದಿಯಲ್ಲಿ ರಟ್ಟಿಗೆ ತಾಗದ ಹಾಗೆ 40 ವ್ಯಾಟಿನ ಹಳೇ ಮಾದರಿಯ ಫಿಲಮೆಂಟ್ ಬಲ್ಬು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ಬಲ್ಬಿಗೂ ಮಾಡೆಲ್ಲಿಗೂ ನಡುವೆ ತಗಡಿನ ಅಡ್ಡತಡೆ, ಕೆಳಗೊಂದು ಸಾಲು ಮತ್ತು ಮೇಲೊಂದು ಸಾಲು ಪೆನ್ಸಿಲ್ ಗಾತ್ರದ ತೂತು, ಒಳಗೆ ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಚಿಕ್ಕ ಮೀಟರು. 35ರಿಂದ 38 ಡಿಗ್ರಿ ಇದ್ದರೆ ಒಳ್ಳೆಯದು, 45 ದಾಟಲು ಬಿಡಬಾರದು. ಕಿಟ್ಟಿನ ಪಾಲಿಸ್ಟೈರೀನ್ ಮೆತ್ತಗಾಗುವುದು 90 ಡಿಗ್ರಿಯ ಮೇಲೆ, ನಿಜ. ಆದರೆ ಬಿಗಿದು ಅಂಟಿಸಿದ ತೆಳು ಭಾಗಗಳು ಅದಕ್ಕೆ ಬಹಳ ಮೊದಲೇ ಸೊಟ್ಟಗಾಗುತ್ತವೆ.

ಈ ಪೆಟ್ಟಿಗೆಯನ್ನು ಬಣ್ಣ ಹೊಡೆದ ಮೇಲೆ ಒಣಗಿಸಲು ಎಂದು ಮಾಡಿಕೊಳ್ಳುವವರೇ ಹೆಚ್ಚು. ಅದರ ನಿಜವಾದ ಕೆಲಸ ಬಣ್ಣಕ್ಕೆ ಮುಂಚಿನದು. ಮಾಡೆಲ್ಲನ್ನು ಅರ್ಧ ಗಂಟೆ ಒಳಗಿಟ್ಟು, ಬೆಚ್ಚಗಿರುವಾಗಲೇ ತೆಗೆದು, ಎರಡು ಮೂರು ನಿಮಿಷದೊಳಗೆ ಒಂದು ತೆಳು ಪದರ ಹೊಡೆದುಬಿಡಬೇಕು. ಮೇಲ್ಮೈ 35 ಡಿಗ್ರಿಯಿಂದ ಇಳಿಯಲು ಶುರುಮಾಡಿದರೆ 22ಕ್ಕೆ ಮುಟ್ಟುವಷ್ಟರಲ್ಲಿ ಥಿನ್ನರ್ ಹೋಗಿಯಾಗಿರುತ್ತದೆ. ಹೊಡೆದ ಕೂಡಲೇ ಮಾತ್ರ ಪೆಟ್ಟಿಗೆಗೆ ವಾಪಸ್ ಹಾಕಬೇಡಿ. ಥಿನ್ನರಿನ ಆವಿ, ಬಿಸಿ ಬಲ್ಬು, ರಟ್ಟು ಮೂರೂ ಒಟ್ಟಿಗೆ ಇರುವುದು ಬೆಂಕಿಗೆ ಕರೆ ಕೊಟ್ಟ ಹಾಗೆ. ಕಿಟಕಿ ತೆರೆದ ಜಾಗದಲ್ಲಿ ಕನಿಷ್ಠ 15 ನಿಮಿಷ ಇಟ್ಟು, ವಾಸನೆ ಇಳಿದ ಮೇಲೆ ಒಳಗಿಡಿ.

ಥಿನ್ನರಿನಲ್ಲೂ ಒಂದು ಬದಲಾವಣೆ ಬೇಕು. ಟಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣಕ್ಕೆ ಮಳೆಗಾಲದಲ್ಲಿ ಮಿಸ್ಟರ್ ಲೆವೆಲಿಂಗ್ ಥಿನ್ನರ್ ಹೊಂದುತ್ತದೆ, ಅದರಲ್ಲಿ ಆರುವುದನ್ನು ನಿಧಾನಿಸುವ ರಿಟಾರ್ಡರ್ ಸೇರಿಯೇ ಇರುತ್ತದೆ. ಬಣ್ಣ ಒಂದು ಪಾಲು, ಥಿನ್ನರ್ ಒಂದು ಪಾಲಿನಿಂದ ಶುರುಮಾಡಿ. ಬಟ್ಟಲಿನ ಗೋಡೆಯಲ್ಲಿ ಹಾಲಿನಂತೆ ಇಳಿದು ತೆಳು ಪೊರೆ ಬಿಡಬೇಕು. ಬಣ್ಣ ಸಿಂಪಡಿಸುವ ಏರ್‌ಬ್ರಶ್ ಗನ್ನಿಗೆ 0.3 ಮಿಲಿಮೀಟರ್ ನಾಜಲ್, ಗಾಳಿಯ ಒತ್ತಡ 15ರಿಂದ 18 ಪಿಎಸ್‌ಐ. ರಿಟಾರ್ಡರನ್ನು ಬೇರೆಯಾಗಿ ಸೇರಿಸುವುದಾದರೆ ಶೇ 5ರಿಂದ 10 ಸಾಕು, ಅತಿಯಾದರೆ ಬಣ್ಣ ಇಳಿಬೀಳುತ್ತದೆ, ವಾರವಾದರೂ ಬೆರಳಚ್ಚು ಹಿಡಿಯುತ್ತದೆ. ನೀರು ಆಧಾರಿತ ವಲೆಹೋ ಬಣ್ಣಕ್ಕೆ ಈ ಯಾವುದೂ ಬೇಡ. ಅದಕ್ಕೆ ಸ್ಪಿರಿಟ್ ತಾಗಿದರೆ ಬಟ್ಟಲಲ್ಲೇ ಮುದ್ದೆ ಕಟ್ಟುತ್ತದೆ. ಅದರದೇ ಥಿನ್ನರ್ ಹಾಕಿ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರನ್ನು ಗನ್ನು ತೊಳೆಯಲು ಮಾತ್ರ ಇಟ್ಟುಕೊಳ್ಳಿ, ಪ್ಲಾಸ್ಟಿಕ್ಕನ್ನು ಅದು ತಿನ್ನುತ್ತದೆ.

ಬಿಳಿ ಹಿಡಿದೇ ಹೋಯಿತು ಅನ್ನಿ, ಉಜ್ಜಬೇಡಿ. ಪೆಟ್ಟಿಗೆಯಲ್ಲಿ ಪೂರ್ತಿ ಬೆಚ್ಚಗಾಗಲು ಬಿಟ್ಟು, ರಿಟಾರ್ಡರ್ ಇರುವ ಬರೀ ಥಿನ್ನರನ್ನು ಮಂಜಿನಂತೆ ಹಗುರಾಗಿ ಒಂದು ಸಲ ಹಾಯಿಸಿ. ಪದರ ಮತ್ತೆ ಬಿಚ್ಚಿಕೊಂಡು ನೀರನ್ನು ಬಿಡುತ್ತದೆ, ಬಣ್ಣ ಕಣ್ಣೆದುರೇ ಹಿಂತಿರುಗುತ್ತದೆ. ಮ್ಯಾಟ್ ವಾರ್ನಿಷ್ ಬೆಳ್ಳಗಾಗಿದ್ದರೆ ಅದರ ಮೇಲೆ ಹೊಳಪಿನ (ಗ್ಲಾಸಿ) ವಾರ್ನಿಷ್ ಒಂದು ಪದರ ಕೊಟ್ಟರೆ ಬಹಳ ಸಲ ತಿಳಿಯಾಗುತ್ತದೆ, ಮ್ಯಾಟನ್ನು ಹೊಳವಾದ ದಿನ ನೋಡಿ ಮತ್ತೆ ಹೊಡೆದರಾಯಿತು.

ಗನ್ನಿಗೆ ಗಾಳಿ ಕೊಡುವ ಕಂಪ್ರೆಸರಿನ ನೀರು ಬೇರೆಯದೇ ತಲೆನೋವು. ತೇವದ ಗಾಳಿಯನ್ನು ಒತ್ತಿದರೆ ಅದರ ನೀರು ಹೊರಗೆ ಬರಲೇಬೇಕು, ಆದರೆ ಒತ್ತಿದ ಗಾಳಿ ಬಿಸಿ ಇರುವಾಗ ಬರುವುದಿಲ್ಲ, ಪೈಪಿನಲ್ಲಿ ತಣ್ಣಗಾದ ಮೇಲೆ ಬರುತ್ತದೆ. ಕಂಪ್ರೆಸರಿನ ಬಾಯಲ್ಲೇ ಕೂರಿಸಿದ ನೀರು ಹಿಡಿಯುವ ಬಟ್ಟಲು ಒಣಗಿದ್ದು, ಗನ್ನಿನಿಂದ ಮಾತ್ರ ಹನಿ ಸಿಡಿಯುವುದು ಅದಕ್ಕೇ. ಎರಡು ಮೀಟರ್ ಪೈಪಾದ ಮೇಲೆ, ಗನ್ನಿನ ಹತ್ತಿರ, ನೆಟ್ಟಗೆ ನಿಲ್ಲುವಂತೆ ಇನ್ನೊಂದು ಬಟ್ಟಲು ಹಾಕಿ. ಟ್ಯಾಂಕಿನ ಅಡಿಯ ತಿರುಪನ್ನು ದಿನದ ಕೊನೆಗೆ ಬಿಚ್ಚಿ, ಕಂದು ನೀರು ಬಂದರೆ ಒಳಗೆ ತುಕ್ಕು ಶುರುವಾಗಿದೆ. ಟ್ಯಾಂಕ್ ಇಲ್ಲದ ಕಂಪ್ರೆಸರ್ ಮಲೆನಾಡಿಗೆ ಹೇಳಿಸಿದ್ದಲ್ಲ. ಪದರದ ನಡುವೆ ಕರೆಂಟ್ ಹೋದರೆ 3 ಲೀಟರ್ ಟ್ಯಾಂಕಿನ ಗಾಳಿ ಕೈಯಲ್ಲಿರುವ ಒಂದು ಗೆರೆಯನ್ನಾದರೂ ಮುಗಿಸಿಕೊಡುತ್ತದೆ.

ಅಂಟಿನ ವಿಷಯದಲ್ಲಿ ಮಳೆ ಉಲ್ಟಾ ಕೆಲಸ ಮಾಡುತ್ತದೆ. ಸೂಪರ್ ಗ್ಲೂ ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹಾಗಾಗಿ ಆಷಾಢದಲ್ಲಿ ಭಾಗವನ್ನು ಸರಿಪಡಿಸುವ ಮೊದಲೇ ಕಚ್ಚಿಕೊಳ್ಳುತ್ತದೆ, ತೆರೆದ ಬಾಟಲಿ ಬೇಗ ಕಲ್ಲಾಗುತ್ತದೆ. ಅದರ ಆವಿ ಪಾರದರ್ಶಕ ಭಾಗದ ಮೇಲೆ ಕೂತು ಗಾಜು ಮಂಕಾಗುವುದೂ ಈ ದಿನಗಳಲ್ಲೇ ಜಾಸ್ತಿ. ಜೀಪಿನ ಮುಂಗಾಜಿಗೆ ಫೆವಿಕಾಲ್ ಸಾಕು, ಸೂಜಿ ತುದಿಯಷ್ಟು. ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್ ಕೂರಿಸುವಲ್ಲಿ ಟಮಿಯಾ ಎಕ್ಸ್‌ಟ್ರಾ ಥಿನ್ನಿನಂಥ ದ್ರವವೇ ಸರಿ. ಭಾಗಗಳನ್ನು ಒತ್ತಿ ಹಿಡಿದು ಸಂದಿಗೆ ಕುಂಚ ಮುಟ್ಟಿಸಿದರೆ ತಾನೇ ಹರಿದು ಹೋಗುತ್ತದೆ. ಸಂದಿಗೆ ಸೂಪರ್ ಗ್ಲೂ ಮತ್ತು ಟಾಲ್ಕಂ ಪೌಡರ್ ಕಲಸಿ ತುಂಬಿದ್ದರೆ ಅದೇ ಗಂಟೆಯಲ್ಲಿ 400, ನಂತರ 600, 1000ದ ವಾಟರ್ ಪೇಪರಿನಲ್ಲಿ ಉಜ್ಜಿ ಮುಗಿಸಿ. ಮಾರನೇ ದಿನಕ್ಕೆ ಅದು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಸುತ್ತಲಿನದು ಸವೆದು ಅದೊಂದೇ ದಿಣ್ಣೆಯಾಗಿ ಉಳಿಯುತ್ತದೆ.

ಕುಂಚದಲ್ಲಿ ಬಳಿಯುವವರು ಒಂದು ಲೆಕ್ಕ ನೆನಪಿಡಬೇಕು. 50 ಮೈಕ್ರಾನ್ ದಪ್ಪದ ಪದರ 1:35ರಲ್ಲಿ ಪೌಣೆರಡು ಮಿಲಿಮೀಟರ್ ಬಣ್ಣಕ್ಕೆ ಸಮ. ಅಂಥ ಎರಡು ಪದರ ಕೊಟ್ಟರೆ ಬಾನೆಟ್ಟಿನ ಸಂದಿಗೆ ಸಿಮೆಂಟ್ ಮೆತ್ತಿದ ಹಾಗೆ.

ಇನ್ನು ಕೆಸರು. ಯುದ್ಧಕಾಲದ ವಿಲ್ಲೀಸ್ ಜೀಪು ಈ ಅಳತೆಯಲ್ಲಿ ಸುಲಭವಾಗಿ ಸಿಗುವ ಕಿಟ್. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ 80 ಇಂಚು ಅಂತರ ಇಲ್ಲಿ 58 ಮಿಲಿಮೀಟರ್. ಮುಂದಿನ ಜಾಲರಿಯಲ್ಲಿ 9 ಸೀಳು, ನಂತರ ಬಂದ ನಾಗರಿಕ ಬಳಕೆಯ ಸಿಜೆ ಜೀಪುಗಳಿಗೆ 7. ಸ್ಟಿಯರಿಂಗ್ ಎಡಗಡೆ, ಊರಿನ ಜೀಪು ಮಾಡುವುದಾದರೆ ಬಲಕ್ಕೆ ಬದಲಿಸಿಕೊಳ್ಳಬೇಕು. ಇದನ್ನು ಕೊಡಚಾದ್ರಿ ಹತ್ತುವ ಜೀಪು ಮಾಡಲು ಹೊರಟವರು ಕಿಟ್ಟಿನ ಹಾಳೆಯಲ್ಲಿರುವ ಯುರೋಪಿನ ಬೂದು ಕೆಸರನ್ನು ಬಳಿದರೆ ಮಾಡಿದ ಕೆಲಸವೆಲ್ಲ ಪರದೇಶದ್ದಾಯಿತು. ನಮ್ಮದು ಜಂಬಿಟ್ಟಿಗೆಯ ಕೆಂಪು. ಟಮಿಯಾದ ಎಕ್ಸ್‌ಎಫ್-64 (ಕೆಂಗಂದು) ಎರಡು ಪಾಲು, ಎಕ್ಸ್‌ಎಫ್-59 (ಮರಳಿನ ಹಳದಿ) ಒಂದು ಪಾಲು ಒಣ ಧೂಳಿಗೆ ಹತ್ತಿರ. ಹಸಿ ಕೆಸರಿಗೆ 59 ಬಿಟ್ಟು ಎಕ್ಸ್‌ಎಫ್-52 (ಮಣ್ಣಿನ ಕಂದು) ಸೇರಿಸಿ.

ನಿಜವಾದ ಮಣ್ಣನ್ನೇ ಬಳಸಬಹುದು, ಅದಕ್ಕೆ ಮೂರು ಷರತ್ತು. ಹಳೇ ಬಾಣಲೆಯಲ್ಲಿ ಹುರಿಯಬೇಕು, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಕುಟ್ಟಿ ಪಂಚೆಬಟ್ಟೆಯಲ್ಲಿ ಜರಡಿ ಹಿಡಿಯಬೇಕು, ಯಾಕೆಂದರೆ ಒಂದು ಮಿಲಿಮೀಟರಿನ ಕಣ ಇಲ್ಲಿ ಮೂರೂವರೆ ಸೆಂಟಿಮೀಟರಿನ ಜಲ್ಲಿಕಲ್ಲು. ಕಲಸಲು ಫೆವಿಕಾಲ್ ಬದಲು ಅಕ್ರಿಲಿಕ್ ಮ್ಯಾಟ್ ಮೀಡಿಯಂ ಹಾಕಬೇಕು. ಫೆವಿಕಾಲ್ ಹೊಳೆಯುತ್ತದೆ, ಮಳೆಗಾಲದಲ್ಲಿ ಮತ್ತೆ ಮೆತ್ತಗಾಗುತ್ತದೆ.

ಹಚ್ಚುವಾಗ ಜೀಪು ಎಲ್ಲಿ, ಎಷ್ಟು ವೇಗದಲ್ಲಿ ಹೋಗಿಬಂದಿದೆ ಎಂದು ಮೊದಲು ತೀರ್ಮಾನಿಸಿ. ಏರಿನಲ್ಲಿ ಮೊದಲ ಗೇರಲ್ಲಿ ತೆವಳುವ ಜೀಪಿನ ಬಾನೆಟ್ಟಿಗೆ ಕೆಸರು ಹಾರುವುದಿಲ್ಲ. ಅದು ಗಾಲಿಯ ಮೇಲಿನ ಕಮಾನಿನ ಒಳಗೆ ಗಿಡಿದು, ಪದರ ಪದರವಾಗಿ ಒಣಗಿ, ಅಂಚಿನಲ್ಲಿ ಬಿರಿದಿರುತ್ತದೆ. ಸಣ್ಣ ಚುಕ್ಕಿಗಳ ಎರಚಲು ಟಾರು ರಸ್ತೆಯ ಗುಂಡಿಯಲ್ಲಿ ಓಡಿದ್ದಕ್ಕೆ ಸಾಕ್ಷಿ. ಕುಂಚವನ್ನು ಬೆರಳಿನಿಂದ ಚಿಮ್ಮಿ ಇಡೀ ಗಾಡಿಗೆ ಚುಕ್ಕಿ ಹಾಕುವುದು ಸುಲಭ, ಹಾಗಾಗಿ ಎಲ್ಲರೂ ಅದನ್ನೇ ಮಾಡುತ್ತಾರೆ. ಎರಡನ್ನೂ ಒಂದೇ ಜೀಪಿನ ಮೇಲೆ ನೋಡಿದರೆ ಕಣ್ಣು ಒಪ್ಪುವುದಿಲ್ಲ. ಟೈರಿನ ತಗ್ಗುಗಳಲ್ಲಿ ಮಣ್ಣು ತುಂಬಿ, ನೆಲ ಮುಟ್ಟುವ ಉಬ್ಬುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಒದ್ದೆ ತೋರಿಸಲು ಗ್ಲಾಸಿ ವಾರ್ನಿಷನ್ನು ತಗ್ಗಿನಲ್ಲಿ ಮಾತ್ರ ಇಡಿ, ಮೇಲಿನ ಮಣ್ಣು ಮೊದಲು ಒಣಗುತ್ತದಲ್ಲ. ಗಾಲಿಗೆ ಸರಪಳಿ ಕಟ್ಟುವುದಾದರೆ ಫ್ಯಾನ್ಸಿ ಅಂಗಡಿಯ ತೆಳು ಸರದಲ್ಲಿ ಒಂದು ಮಿಲಿಮೀಟರಿನ ಕೊಂಡಿ ಇರುವುದನ್ನು ಆರಿಸಿ.

ಬಣ್ಣ ಎದ್ದ ಜಾಗ ತೋರಿಸಲು ತುಕ್ಕು ಬಣ್ಣದ ಮೇಲೆ ಉಪ್ಪು ಉದುರಿಸುವ ಹಳೇ ವಿಧಾನವನ್ನು ಮಳೆಗಾಲದಲ್ಲಿ ಮರೆತುಬಿಡಿ. ಡಬ್ಬಿಯಲ್ಲೇ ನೀರೊಡೆಯುವ ಉಪ್ಪು ಮಾಡೆಲ್ ಮೇಲೆ ಹರಳಾಗಿ ನಿಲ್ಲುವುದುಂಟೇ? ಹೇರ್‌ಸ್ಪ್ರೇ ನಡೆಯುತ್ತದೆ. ಎರಡು ತೆಳು ಪದರ ಹೊಡೆದು, ಹೊರಗಿಟ್ಟು ವಾಸನೆ ಇಳಿದ ಮೇಲೆ ಪೆಟ್ಟಿಗೆಯಲ್ಲಿ 20 ನಿಮಿಷ ಪೂರ್ತಿ ಒಣಗಿಸಿ, ಮೇಲೆ ಅಕ್ರಿಲಿಕ್ ಕೊಟ್ಟು, ಒಂದು ಗಂಟೆಯೊಳಗೆ ಒದ್ದೆ ಕುಂಚದಲ್ಲಿ ಕೆದಕಿ. ಅಡಿಯಲ್ಲಿ ಹಸಿ ಉಳಿದಿದ್ದರೆ ಚೂರು ಚೂರು ಏಳುವ ಬದಲು ಹಾಲಿನ ಕೆನೆಯಂತೆ ಇಡಿಯಾಗಿ ಬರುತ್ತದೆ.

ಹಿನ್ನೆಲೆಗೆ ಹೆಂಚಿನ ಕೊಟ್ಟಿಗೆ ನಿಲ್ಲಿಸುವವರಿಗೆ: ಸುಮಾರು 41 ಸೆಂಟಿಮೀಟರ್ ಉದ್ದ, 23 ಅಗಲದ ಮಂಗಳೂರು ಹೆಂಚು ಇಲ್ಲಿ ಹನ್ನೆರಡಕ್ಕೆ ಆರೂವರೆ ಮಿಲಿಮೀಟರ್. ಹೆಂಚುಗಳನ್ನು ಒಂದೇ ಕೆಂಪಿನಲ್ಲಿ ಬಿಡಬೇಡಿ, ಹತ್ತರಲ್ಲಿ ಎರಡಾದರೂ ಪಾಚಿ ಹತ್ತಿ ಕಪ್ಪಾಗಿರಲಿ, ಬದಲಾಯಿಸಿದ ಹೊಸದೊಂದು ಎದ್ದು ಕಾಣಲಿ. ಗೋಡೆಯಲ್ಲಿ ಹೆಚ್ಚಿನವರು ತಪ್ಪುವುದು ಕೆಳತುದಿಯಲ್ಲಿ. ಸೂರಿನ ಹನಿ ನೆಲಕ್ಕೆ ಬಿದ್ದು ಸಿಡಿದ ಕೆಂಪು ಗೋಡೆಗೆ ಒಂದೂವರೆ ಅಡಿಯವರೆಗೆ ಹತ್ತಿರುತ್ತದೆ, ಮಾಡೆಲ್ಲಿನಲ್ಲಿ 13 ಮಿಲಿಮೀಟರ್. ಅದು ಗೆರೆ ಎಳೆದಂತೆ ಮುಗಿಯುವುದಿಲ್ಲ, ಅಡಿಯಲ್ಲಿ ದಟ್ಟ, ಮೇಲೆ ಚುಕ್ಕಿ ಚುಕ್ಕಿ. ಚುಕ್ಕಿ ಸಿಡಿಸುವ ಕುಂಚಕ್ಕೆ ಕೆಲಸ ಇಲ್ಲಿದೆ. ಮೇಲಿನಿಂದ ಇಳಿಯುವ ಕಪ್ಪು ಪಾಚಿಗೆ ಬರ್ನ್ಟ್ ಅಂಬರ್ ಮತ್ತು ಕಪ್ಪು ಆಯಿಲ್ ಬಣ್ಣವನ್ನು ರಟ್ಟಿನ ಮೇಲೆ ಹತ್ತು ನಿಮಿಷ ಇಟ್ಟು ಎಣ್ಣೆ ಹೀರಿಸಿ, ಬಿರುಕಿನ ತುದಿಗೆ ಚುಕ್ಕಿಯಿಟ್ಟು, ಟರ್ಪೆಂಟೈನ್ ಅದ್ದಿ ಒರೆಸಿದ ಚಪ್ಪಟೆ ಕುಂಚದಲ್ಲಿ ಕೆಳಕ್ಕೆ ಎಳೆಯಿರಿ. ಅಡಿಯ ಬಣ್ಣ ಅಕ್ರಿಲಿಕ್ ಆಗಿ ಪೂರ್ತಿ ಗಟ್ಟಿಯಾಗಿದ್ದರೆ ಟರ್ಪೆಂಟೈನ್ ಅದನ್ನು ಮುಟ್ಟುವುದಿಲ್ಲ. ಸೀಮೆಎಣ್ಣೆ ಬೇಡ, ಜಿಡ್ಡು ಬಿಡುತ್ತದೆ. ನಿಜವಾದ ಪಾಚಿಯನ್ನು ಕಿತ್ತು ಅಂಟಿಸುವ ಆಸೆಯನ್ನೂ ಬಿಡಿ, ದೀಪಾವಳಿ ಹೊತ್ತಿಗೆ ತರಗೆಲೆಯ ಬಣ್ಣಕ್ಕೆ ತಿರುಗಿರುತ್ತದೆ.

ನಂಬರ್ ಪ್ಲೇಟಿನ ಡೀಕಲ್ಲನ್ನು, ಅಂದರೆ ನೀರಲ್ಲಿ ನೆನೆಸಿ ಕೂರಿಸುವ ಅಚ್ಚಿನ ತೆಳು ಪೊರೆಯನ್ನು, ಅಂಟಿಸಬೇಕಾದದ್ದು ಇವೆಲ್ಲಕ್ಕೂ ಮೊದಲು, ಗ್ಲಾಸಿ ವಾರ್ನಿಷ್ ಪದರದ ಮೇಲೆ. ಮ್ಯಾಟ್ ಮೇಲ್ಮೈಯ ಒರಟಿನಲ್ಲಿ ಗಾಳಿ ಸಿಕ್ಕಿಕೊಂಡು ಅಂಚು ಬೆಳ್ಳಿಯಂತೆ ಹೊಳೆಯುತ್ತದೆ. ಬೋರ್‌ವೆಲ್ ನೀರು ಆರಿದ ಮೇಲೆ ಸುಣ್ಣದ ಕಲೆ ಬಿಡುವುದರಿಂದ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಆ್ಯಸಿಡ್ ಬಾಟಲಿ ಅಲ್ಲ ಎಂದು ನೋಡಿಕೊಂಡು.

ಕೊನೆಯ ಧೂಳು ಮುಂಗಾಜಿಗೆ. ಮಾಸ್ಕಿಂಗ್ ಟೇಪನ್ನು ವೈಪರ್ ಓಡುವ ಬೀಸಣಿಗೆ ಆಕಾರಕ್ಕೆ ಕತ್ತರಿಸಿ ಗಾಜಿಗೆ ಅಂಟಿಸಿ, ಒಣ ಧೂಳಿನ ಬಣ್ಣವನ್ನು ಒಂದಕ್ಕೆ ನಾಲ್ಕು ತೆಳು ಮಾಡಿ, 10 ಪಿಎಸ್‌ಐನಲ್ಲಿ, ಗನ್ನನ್ನು ಒಂದು ಗೇಣು ದೂರ ಹಿಡಿದು ಎರಡು ಸಲ ಹಾಯಿಸಿ. ಟೇಪನ್ನು ಅದೇ ದಿನ ಕಿತ್ತುಬಿಡಿ, ಮಳೆಗಾಲದಲ್ಲಿ ರಾತ್ರಿ ಕಳೆದರೆ ಅದರ ಅಂಟು ಗಾಜಿನ ಮೇಲೇ ಉಳಿಯುತ್ತದೆ. ಡ್ರೈವರ್ ಬದಿಯ ಬೀಸಣಿಗೆ ಸ್ವಚ್ಛವಾಗಿರಲಿ, ಇನ್ನೊಂದರಲ್ಲಿ ರಬ್ಬರು ಸವೆದು ಬಿಟ್ಟ ಒಂದೆರಡು ಗೆರೆ ಇರಲಿ.