ವೈಕ್ ಆನ್ ಜೀ: ಬಾಂಬೆ ಹೌಸ್‌ನ ಹೆಸರು, ಡಚ್ಚರ ಹಳ್ಳಿಯ ಚೆಸ್

2025ರ ಫೆಬ್ರುವರಿ 2, ಭಾನುವಾರ. ನೆದರ್‌ಲ್ಯಾಂಡ್ಸ್‌ನ ಕಡಲತೀರದ ಹಳ್ಳಿ ವೈಕ್ ಆನ್ ಜೀಯಲ್ಲಿ ಟಾಟಾ ಸ್ಟೀಲ್ ಚೆಸ್ ಟೂರ್ನಿಯ 13 ಸುತ್ತು ಮುಗಿದಾಗ ಪಟ್ಟಿಯ ಮೇಲ್ತುದಿಯಲ್ಲಿ ಇದ್ದವರಿಬ್ಬರೂ ಚೆನ್ನೈ ಹುಡುಗರು: ಗುಕೇಶ್ ಮತ್ತು ಪ್ರಜ್ಞಾನಂದ. ತಲಾ ಎಂಟೂವರೆ ಅಂಕ. ಕೊನೆಯ ದಿನ ಇಬ್ಬರೂ ಸೋತಿದ್ದರು. ಗುಕೇಶ್ ಸೋತದ್ದು ಅರ್ಜುನ್ ಎರಿಗೈಸಿಗೆ, ಪ್ರಜ್ಞಾನಂದ ಜರ್ಮನಿಯ ವಿನ್ಸೆಂಟ್ ಕೈಮರ್‌ಗೆ. ಸಮಬಲ ಮುರಿಯುವ ಟೈಬ್ರೇಕ್‌ನಲ್ಲಿ ಮೊದಲ ಬ್ಲಿಟ್ಸ್ (ಕೆಲವೇ ನಿಮಿಷಗಳ) ಆಟ ಗುಕೇಶ್ ಗೆದ್ದರು, ಎರಡನೆಯದನ್ನು ಪ್ರಜ್ಞಾನಂದ ಗೆದ್ದು ಸಮ ಮಾಡಿದರು. ಗೆದ್ದವರಿಗೇ ಪಟ್ಟ ಎಂಬ ಮೂರನೆಯ ಆಟವೂ ಪ್ರಜ್ಞಾನಂದರ ಪಾಲಾಯಿತು.

ಮಾಟುಂಗಾ, ಥಾಣೆ, ಡೊಂಬಿವಿಲಿಯ ಕನ್ನಡಿಗರ ಮನೆಗಳಲ್ಲಿ ಈಗ ಚೆಸ್ ಕಲಿಯುವ ಮಗು ಒಂದಾದರೂ ಇದೆ ಎನ್ನಬಹುದು. ಅಂಥ ಕಡೆ ಈ ಟೂರ್ನಿಯ ಮಾತು ಬಂದರೆ ಒಂದು ವಾದ ಹುಟ್ಟಿಕೊಳ್ಳುತ್ತದೆ: ‘ಟೂರ್ನಿ ಟಾಟಾದವರದ್ದು, ಮುಂಬೈ ಕಂಪನಿಯದ್ದು. ನಮ್ಮವರನ್ನು ಕರೆಯದೆ ಇರುತ್ತಾರೆಯೇ? ನಮ್ಮವರು ಗೆಲ್ಲದೆ ಇರುತ್ತಾರೆಯೇ?’ ಅದೇ ಹೆಸರಿನ ಇನ್ನೊಂದು ಟೂರ್ನಿ 2018ರಿಂದ ಕೋಲ್ಕತ್ತದಲ್ಲೂ ನಡೆಯುತ್ತಿರುವುದರಿಂದ ಗೋಜಲು ಇನ್ನಷ್ಟು ಹೆಚ್ಚಿದೆ. ಕೋಲ್ಕತ್ತದ್ದು ಕೆಲವೇ ದಿನಗಳ, ಬೇಗ ಮುಗಿಯುವ ಆಟಗಳ ರ‍್ಯಾಪಿಡ್ ಮತ್ತು ಬ್ಲಿಟ್ಸ್. ಡಚ್ಚರದ್ದು ಎರಡು ವಾರ ದಾಟುವ, ಗಂಟೆಗಟ್ಟಲೆ ಯೋಚಿಸಿ ಆಡುವ ಕ್ಲಾಸಿಕಲ್. ಎರಡಕ್ಕೂ ಹೆಸರೊಂದೇ, ಹುಟ್ಟು ಬೇರೆ.

ಡಚ್ ಟೂರ್ನಿ ಹುಟ್ಟಿದ್ದು 1938ರಲ್ಲಿ, ಬೆವರ್‌ವೈಕ್ ಎಂಬ ಊರಿನಲ್ಲಿ. ಪಕ್ಕದ ಐಮಾಯ್ಡನ್‌ನಲ್ಲಿ ಹೂಗೋವೆನ್ಸ್ ಉಕ್ಕಿನ ಕಾರ್ಖಾನೆ ಇತ್ತು. ಹೂಗೋವೆನ್ಸ್ ಎಂದರೆ ಡಚ್ ಭಾಷೆಯಲ್ಲಿ ಊದುಕುಲುಮೆಗಳು. ಟೂರ್ನಿ ಶುರುವಾದದ್ದು ಆ ಕಾರ್ಖಾನೆಯ ಚೆಸ್ ಬಳಗದಿಂದ. ಆಡಿದವರು ಡಚ್ಚರೇ, ಮೊದಲ ವರ್ಷ ಗೆದ್ದವರು ಫಿಲಿಪ್ ಬಕರ್. ಯುದ್ಧದ ನಡುವೆಯೂ ಟೂರ್ನಿ ನಡೆಯಿತು, 1945ರಲ್ಲಿ ಮಾತ್ರ ನಿಂತಿತು. ಲೆಕ್ಕ ಹಾಕುವವರು ಎಡವುವುದು ಇಲ್ಲೇ: 1938ರಿಂದ 2025ರವರೆಗೆ 88 ವರ್ಷ, ಆದರೆ 2025ರದ್ದು 87ನೆಯ ಟೂರ್ನಿ.

1946ರಲ್ಲಿ ಹೊರದೇಶದವರಿಗೆ ಬಾಗಿಲು ತೆರೆಯಿತು, ಬೆಲ್ಜಿಯಂನ ಒಕೆಲ್ಲಿ ಗೆದ್ದರು. ಯುದ್ಧ ಮುಗಿದು ವರ್ಷವೂ ಆಗಿರಲಿಲ್ಲ, ಊಟಕ್ಕೆ ರೇಷನ್. ಸಮಾರೋಪದ ಔತಣಕ್ಕೆ ಸಿಕ್ಕಿದ್ದು ಒಣ ಬಟಾಣಿ. ಅದನ್ನೇ ಬೇಯಿಸಿ, ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿ ಮಾಡುವ ಆ ಸೂಪನ್ನೇ ಎಲ್ಲರಿಗೂ ಬಡಿಸಿದರು. ಕೊರತೆ ತೀರಿದ ಮೇಲೂ ಸಮಾರೋಪದ ಊಟದಿಂದ ಬಟಾಣಿ ಸೂಪು ಹೋಗಲಿಲ್ಲ. 1968ರಲ್ಲಿ ಟೂರ್ನಿ ಬೆವರ್‌ವೈಕ್ ಬಿಟ್ಟು ಪಕ್ಕದ ವೈಕ್ ಆನ್ ಜೀಗೆ ಬಂತು. ಆ ವರ್ಷ ಕೊರ್ಚ್ನೊಯ್ 15 ಆಟಗಳಲ್ಲಿ 12 ಅಂಕ ಗಳಿಸಿ, ಎರಡನೆಯ ಸ್ಥಾನದಲ್ಲಿದ್ದ ತಾಲ್, ಪೋರ್ಟಿಷ್, ಹೋರ್ಟ್ ಮೂವರನ್ನೂ ಮೂರು ಅಂಕ ಹಿಂದೆ ಬಿಟ್ಟರು.

ಎರಡೂವರೆ ಸಾವಿರದಷ್ಟು ಜನರ ಹಳ್ಳಿ ಅದು. ಜನವರಿಯಲ್ಲಿ ಉತ್ತರ ಸಮುದ್ರದ ಗಾಳಿ ಮುಖಕ್ಕೆ ರಾಚುತ್ತದೆ. ಆಡುವುದು ದ ಮೊರಿಯಾನ್ ಎಂಬ ಊರ ಸಮುದಾಯ ಭವನದಲ್ಲಿ. ಮಾಸ್ಟರ್‌ಗಳು ಕೂರುವ ಸಭಾಂಗಣದಲ್ಲೇ ಉದ್ದುದ್ದ ಮೇಜುಗಳ ಸಾಲು ಹಾಕಿ ನೂರಾರು ಹವ್ಯಾಸಿಗಳು ಆಡುತ್ತಾರೆ. ಉಕ್ಕಿನ ಕಾರ್ಖಾನೆಯ ಚಿಮಣಿಗಳು ದೂರವೇನಿಲ್ಲ. ಈಚಿನ ವರ್ಷಗಳಲ್ಲಿ ಕಿಟಕಿಗಳ ಮೇಲೆ ಕೂರುವ ಗ್ರಾಫೈಟಿನ ಕರಿ ಧೂಳು, ಮಕ್ಕಳ ಆರೋಗ್ಯ ಇವೆಲ್ಲ ಆ ಊರಿನಲ್ಲಿ ದೊಡ್ಡ ತಕರಾರಾಗಿವೆ. ಟೂರ್ನಿಯ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯುವುದು ಸರಿಯಲ್ಲ. ಉಕ್ಕು ಇಲ್ಲದಿದ್ದರೆ ಈ ಚೆಸ್ಸೂ ಇರುತ್ತಿರಲಿಲ್ಲ.

ಇನ್ನು ಹೆಸರಿನ ವಿಷಯ. 1999ರ ಅಕ್ಟೋಬರಿನಲ್ಲಿ ಹೂಗೋವೆನ್ಸ್ ಬ್ರಿಟಿಷ್ ಸ್ಟೀಲ್ ಜೊತೆ ಸೇರಿ ಕೋರಸ್ ಆಯಿತು, 2000ದಿಂದ ಟೂರ್ನಿಯೂ ಕೋರಸ್ ಆಯಿತು. 2007ರ ಜನವರಿ 28ರಂದು ಕೊನೆಯ ಸುತ್ತು ಮುಗಿದು ಅರೋನಿಯನ್, ರಾಜಬೊವ್, ಟೊಪಲೊವ್ ಮೂವರೂ ಎಂಟೂವರೆ ಅಂಕದೊಂದಿಗೆ ಪಟ್ಟ ಹಂಚಿಕೊಂಡರು. ಎರಡು ದಿನ ಕಳೆದು, 30ರ ರಾತ್ರಿ, ಲಂಡನ್ನಿನಲ್ಲಿ ಕೋರಸ್ ಹರಾಜು. ಬ್ರೆಜಿಲ್‌ನ ಕಂಪನಿ ಷೇರಿಗೆ 603 ಪೆನ್ಸ್‌ವರೆಗೆ ಬಂದು ನಿಂತಿತು, ಟಾಟಾ ಸ್ಟೀಲ್ 608 ಪೆನ್ಸ್ ಕೂಗಿ ಗೆದ್ದುಕೊಂಡಿತು. ಮುಂಬೈ ಫೋರ್ಟಿನ ಹೋಮಿ ಮೋದಿ ಬೀದಿಯಲ್ಲಿರುವ ಟಾಟಾ ಸಮೂಹದ ಕೇಂದ್ರ ಕಚೇರಿ ಬಾಂಬೆ ಹೌಸ್‌ಗೂ ಡಚ್ಚರ ಹಳ್ಳಿಯ ಚೆಸ್‌ಗೂ ನಂಟು ಬಿದ್ದದ್ದು ಹೀಗೆ, ಷೇರಿಗೆ ಐದು ಪೆನ್ಸ್‌ನ ಅಂತರದಲ್ಲಿ. ಟೂರ್ನಿಗೆ ಟಾಟಾ ಸ್ಟೀಲ್ ಎಂಬ ಹೆಸರು ಬಂದದ್ದು ಮಾತ್ರ 2011ರಲ್ಲಿ.

ಈಗ ಆ ವಾದವನ್ನು ವರ್ಷಗಳ ಪಕ್ಕ ಇಟ್ಟು ನೋಡಬೇಕು. ವಿಶ್ವನಾಥನ್ ಆನಂದ್ ಇಲ್ಲಿ ಐದು ಸಲ ಗೆದ್ದಿದ್ದಾರೆ: 1989, 1998, 2003, 2004, 2006. ಐದೂ ಹರಾಜಿಗಿಂತ ಹಿಂದಿನವು. ಟಾಟಾ ಹೆಸರಿನ ಮೊದಲ ವರ್ಷವಾದ 2011ರಲ್ಲಿ ಅವರು ಅಮೆರಿಕದ ನಕಾಮುರಾಗಿಂತ ಅರ್ಧ ಅಂಕ ಹಿಂದೆ ಉಳಿದರು. ಅಲ್ಲಿಂದ 2024ರವರೆಗೆ ಭಾರತೀಯರೊಬ್ಬರೂ ಗೆಲ್ಲಲಿಲ್ಲ. ಮುಂಬೈ ಹೆಸರು ಹೊತ್ತ 14 ವರ್ಷ ಕಳೆದ ಮೇಲೆ, 2025ರಲ್ಲಿ, ಪ್ರಜ್ಞಾನಂದ ಗೆದ್ದರು. ಹಣ ಯಾರದ್ದೋ ಪಟ್ಟವೂ ಅವರದ್ದೇ ಎನ್ನುವ ಮಾತು ಈ ವರ್ಷಗಳ ಮುಂದೆ ನಿಲ್ಲುವುದಿಲ್ಲ.

ಗೆಲುವಿನ ಎಣಿಕೆಯಲ್ಲೂ ಒಂದು ತೊಡಕಿದೆ. ಆನಂದ್‌ರ ಐದರಲ್ಲಿ ಮೂರು ಹಂಚಿಕೊಂಡವು: 1989ರಲ್ಲಿ ಇನ್ನೂ ಮೂವರೊಂದಿಗೆ, 1998ರಲ್ಲಿ ಕ್ರಾಮ್ನಿಕ್ ಜೊತೆ, 2006ರಲ್ಲಿ ಟೊಪಲೊವ್ ಜೊತೆ. ಆಗೆಲ್ಲ ಅಂಕ ಸಮವಾದರೆ ಪಟ್ಟವೂ ಸಮ. 2018ರಿಂದ ಟೈಬ್ರೇಕ್ ಬಂತು. ಆ ವರ್ಷ ನಾರ್ವೆಯ ಕಾರ್ಲ್‌ಸನ್ ಅನೀಶ್ ಗಿರಿಯನ್ನು ಬ್ಲಿಟ್ಸ್‌ನಲ್ಲಿ ಸೋಲಿಸಿದರು. ಹಳೆಯ ನಿಯಮವೇ ಇದ್ದಿದ್ದರೆ 2025ರ ಪಟ್ಟದ ಮೇಲೆ ಗುಕೇಶ್ ಹೆಸರೂ ಇರುತ್ತಿತ್ತು. ಎರಡು ಕಾಲದ ಗೆಲುವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಾಗ ಇದನ್ನು ನೆನಪಿಡಬೇಕು.

ಟೂರ್ನಿಯ ಮೇಲಿನ ಗುಂಪಾದ ಮಾಸ್ಟರ್ಸ್‌ನಲ್ಲಿ 14 ಜನ. ಪ್ರತಿಯೊಬ್ಬರೂ ಉಳಿದ 13 ಮಂದಿಯೊಂದಿಗೆ ಒಂದೊಂದು ಆಟ; ಒಟ್ಟು 91 ಆಟ, ನಡುವೆ ಮೂರು ದಿನ ಬಿಡುವು. 13 ಬೆಸ ಸಂಖ್ಯೆಯಾದ್ದರಿಂದ ಕ್ರಮಸಂಖ್ಯೆ 1ರಿಂದ 7 ಬಂದವರಿಗೆ ಮೊದಲ ನಡೆಯ ಬಿಳಿ ಕಾಯಿ ಏಳು ಸಲ, 8ರಿಂದ 14 ಬಂದವರಿಗೆ ಆರು ಸಲ. ಈ ಮಟ್ಟದಲ್ಲಿ ಒಂದು ಬಿಳಿ ಹೆಚ್ಚಿಗೆ ಸಿಗುವುದೆಂದರೆ ಸಣ್ಣ ಮಾತಲ್ಲ. ಮುಂಬೈ, ಪುಣೆಯ ಓಪನ್ ಟೂರ್ನಿಗಳ ಸ್ವಿಸ್ ಪದ್ಧತಿ ಬೇರೆಯೇ. ಅಲ್ಲಿ ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಜೋಡಿ. ನಾಳೆಯ ಎದುರಾಳಿ ಯಾರೆಂದು ರಾತ್ರಿ ಪೇರಿಂಗ್ ಬಂದ ಮೇಲೆಯೇ ಗೊತ್ತು. ಮೊದಲೆರಡು ಸುತ್ತು ಸೋತ ಮಗು ಕೆಳಗಿನ ಬೋರ್ಡುಗಳಿಗೆ ಇಳಿದು, ತನಗಿಂತ ತುಂಬ ಕಡಿಮೆ ರೇಟಿಂಗ್‌ನವರ (ರೇಟಿಂಗ್ ಎಂದರೆ ಆಟದ ಬಲ ಅಳೆಯುವ ಅಂಕ) ಜೊತೆ ಆಡುತ್ತಾ ಗೆದ್ದರೂ ಲಾಭವಿಲ್ಲ, ಡ್ರಾ ಆದರೆ ನಷ್ಟ ಎಂಬ ಸ್ಥಿತಿಗೆ ಬರುತ್ತದೆ. ಎಲ್ಲರೂ ಎಲ್ಲರೊಂದಿಗೂ ಆಡುವ ರೌಂಡ್ ರಾಬಿನ್‌ನಲ್ಲಿ 13 ಎದುರಾಳಿಗಳೂ ಮೊದಲ ದಿನವೇ ಗೊತ್ತು. ತಯಾರಿಯ ಆಳವೇ ಬದಲಾಗುತ್ತದೆ.

ಆದರೆ ಈ ಟೂರ್ನಿಯ ಜೀವ ಇರುವುದು ಅದರ ಏಣಿಯಲ್ಲಿ. ಮಾಸ್ಟರ್ಸ್ ಕೆಳಗೆ ಚಾಲೆಂಜರ್ಸ್, ಹಿಂದೆ ಅದರ ಹೆಸರು ಬಿ ಗುಂಪು. ಅದನ್ನು ಗೆದ್ದವರಿಗೆ ಮುಂದಿನ ವರ್ಷ ಮಾಸ್ಟರ್ಸ್‌ನಲ್ಲಿ ಜಾಗ. ಅದರ ಕೆಳಗೆ 2013ರವರೆಗೆ ಸಿ ಗುಂಪೂ ಇತ್ತು. ಆ ಮೂರನೆಯ ಮೆಟ್ಟಿಲಿನ ಬೆಲೆ ತಿಳಿಯಲು ಒಬ್ಬರ ದಾರಿ ನೋಡಿದರೆ ಸಾಕು. 2004ರಲ್ಲಿ 13 ವರ್ಷದ ಮ್ಯಾಗ್ನಸ್ ಕಾರ್ಲ್‌ಸನ್ ಸಿ ಗುಂಪಿನಲ್ಲಿ 13ಕ್ಕೆ ಹತ್ತೂವರೆ ಅಂಕ ಗಳಿಸಿ ಗೆದ್ದು, ಮೊದಲ ಗ್ರ್ಯಾಂಡ್‌ಮಾಸ್ಟರ್ ನಾರ್ಮ್ (ಆ ಪದವಿಗೆ ಬೇಕಾದ ಅರ್ಹತಾ ಸಾಧನೆ) ಪಡೆದರು. ಮುಂದಿನ ವರ್ಷ ಬಿ ಗುಂಪು, ಗೆಲುವಿಲ್ಲ. 2006ರಲ್ಲಿ ಅದೇ ಬಿ ಗುಂಪಿನಲ್ಲಿ ಮೊಟಿಲೆವ್ ಜೊತೆ ಮೊದಲ ಸ್ಥಾನ. 2007ರಲ್ಲಿ ಎ ಗುಂಪಿಗೆ, ಅಂದರೆ ಈಗಿನ ಮಾಸ್ಟರ್ಸ್‌ಗೆ, ಏರಿ ನಾಲ್ಕೂವರೆ ಅಂಕದೊಂದಿಗೆ ಪಟ್ಟಿಯ ತಳ ಕಂಡರು. 2008ರಲ್ಲಿ ಅರೋನಿಯನ್ ಜೊತೆ ಪಟ್ಟ. ಈಗ ಅವರ ಲೆಕ್ಕದಲ್ಲಿ ಎಂಟು ಪಟ್ಟಗಳಿವೆ, ಯಾರ ಬಳಿಯೂ ಅಷ್ಟಿಲ್ಲ. ಸೋತ ವರ್ಷಗಳನ್ನೂ ತಾಳಿಕೊಂಡು ಕಾಯುವ ವ್ಯವಸ್ಥೆ ಇದ್ದದ್ದರಿಂದ ಹುಡುಗನೊಬ್ಬ ಹಾಗೆ ಏರಿದ.

2014ರಲ್ಲಿ ಸಿ ಗುಂಪು ಇಲ್ಲವಾಯಿತು, ಮಾಸ್ಟರ್ಸ್ ಕೂಡ ಆ ವರ್ಷ 12 ಜನಕ್ಕೆ ಇಳಿಯಿತು. ಯುರೋಪಿನ ಉಕ್ಕಿಗೆ ಕಷ್ಟದ ವರ್ಷಗಳವು, ಖರ್ಚು ಹಿಡಿಯುವ ಒತ್ತಡ ಎಲ್ಲೆಲ್ಲೂ ಇತ್ತು. ಮುಂದಿನ ವರ್ಷವೇ ಮಾಸ್ಟರ್ಸ್ 14ಕ್ಕೆ ಮರಳಿತು. ಸಿ ಗುಂಪು ಮರಳಲಿಲ್ಲ. ಮೇಲಿನ ಪಂದ್ಯಗಳ ಹೊಳಪಿನಲ್ಲಿ ಇದನ್ನು ಹೆಚ್ಚು ಜನ ಗಮನಿಸಲಿಲ್ಲ. 2400–2500 ರೇಟಿಂಗ್‌ನ ಹದಿನಾಲ್ಕು ವರ್ಷದ ಮಗುವಿಗೆ ಅಂದಿನಿಂದ ಈ ಹಳ್ಳಿಯಲ್ಲಿ ಹೆಜ್ಜೆ ಇಡಲು ಆ ಮೆಟ್ಟಿಲಿಲ್ಲ. ಚಾಲೆಂಜರ್ಸ್‌ಗೆ ಕರೆ ಬರದಿದ್ದರೆ ಬೇರೆಡೆಯ ಓಪನ್‌ಗಳತ್ತ ನೋಡಬೇಕು.

ಉಳಿದ ಒಂದು ಮೆಟ್ಟಿಲನ್ನು ಭಾರತೀಯರು ಚೆನ್ನಾಗಿಯೇ ಬಳಸಿಕೊಂಡರು. 2012ರಲ್ಲಿ ಹರಿಕೃಷ್ಣ, 2016ರಲ್ಲಿ ಅಧಿಬನ್, 2018ರಲ್ಲಿ ನಾಸಿಕದ ವಿದಿತ್ ಗುಜರಾತಿ, 2022ರಲ್ಲಿ ಅರ್ಜುನ್, 2024ರಲ್ಲಿ ಗೋವಾದ ಲಿಯಾನ್ ಮೆಂಡೋನ್ಸಾ ಈ ಗುಂಪು ಗೆದ್ದು ಮೇಲೇರಿದರು. 2025ರ ಮಾಸ್ಟರ್ಸ್‌ನಲ್ಲಿ 14ರಲ್ಲಿ ಐವರು ಭಾರತೀಯರು. ಅವರಲ್ಲಿ ಲಿಯಾನ್‌ಗೆ ಆ ಜಾಗ ಹಿಂದಿನ ವರ್ಷ ಗೆದ್ದೇ ಸಿಕ್ಕಿತ್ತು. ಗುಕೇಶ್ ವಿಶ್ವ ಚಾಂಪಿಯನ್ ಆಗಿ ಬಂದಿದ್ದರು.

ನಮ್ಮ ಕಡೆಗೂ ದೊಡ್ಡ ಪಂದ್ಯಗಳು ಬಂದಿವೆ. 2002ರಲ್ಲಿ ಗೋವಾದಲ್ಲಿ ವಿಶ್ವ ಜೂನಿಯರ್, ಗೆದ್ದವರು ಮುಂದೆ ವೈಕ್ ಆನ್ ಜೀಯಲ್ಲಿ ನಾಲ್ಕು ಸಲ ಮೊದಲ ಸ್ಥಾನಕ್ಕೆ ಬಂದ ಅದೇ ಅರೋನಿಯನ್. 2014ರಲ್ಲಿ ಪುಣೆಯಲ್ಲಿ ವಿಶ್ವ ಜೂನಿಯರ್. 2019ರಲ್ಲಿ ಮುಂಬೈ ಪೊವಾಯಿಯಲ್ಲಿ ವಿಶ್ವ ಯೂತ್, 18ರೊಳಗಿನವರ ಚಿನ್ನ ಪ್ರಜ್ಞಾನಂದರಿಗೆ. 2025ರ ಕೊನೆಯಲ್ಲಿ ಗೋವಾದಲ್ಲಿ ವಿಶ್ವಕಪ್. ಎಲ್ಲವೂ ಒಂದೊಂದು ಸಲ ಬಂದು ಮುಂದಿನ ಊರಿಗೆ ಹೋಗುವಂಥವು. ಪ್ರತಿ ಜನವರಿ ಅದೇ ಸಭಾಂಗಣದಲ್ಲಿ ಅದೇ ಮೇಜುಗಳನ್ನು ಸಾಲಾಗಿ ಹಾಕುವ ಕೆಲಸ ಬೇರೆ ಥರದ್ದು. ಅದಕ್ಕೆ ಬೇಕಾದ ಹಣ ಮುಂಬೈಯಲ್ಲಿ ಇಲ್ಲವೆಂದು ಯಾರೂ ಹೇಳಲಾರರು.

ಅಲ್ಲಿಗೆ ಹೋಗಿ ಆಡಬೇಕೆನ್ನುವ ಮುಂಬೈ ಮಕ್ಕಳಿಗೆ ಈಗಲೂ ತೆರೆದಿರುವುದು ಹವ್ಯಾಸಿಗಳ ಬಾಗಿಲು. ಹೆಚ್ಚುಕಮ್ಮಿ ಒಂದೇ ರೇಟಿಂಗ್‌ನ ಹತ್ತು ಜನರ ಗುಂಪು, ಎಲ್ಲರೊಂದಿಗೂ ಒಂದೊಂದು ಆಟ, ಒಂಬತ್ತು ಸುತ್ತು. ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಬೇಕೆನ್ನುವವರಿಗೆ ಇದು ಜಾಗವಲ್ಲ: ನಾರ್ಮ್‌ಗೆ ಒಂಬತ್ತು ಆಟ ಇದ್ದರಷ್ಟೇ ಸಾಲದು, ಎದುರಾಳಿಗಳಲ್ಲಿ ಕನಿಷ್ಠ ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳಿರಬೇಕು, ಆ ಟೂರ್ನಿಯಲ್ಲಿ ಆಟದ ಮಟ್ಟ 2600 ರೇಟಿಂಗ್‌ನಷ್ಟು ಮುಟ್ಟಬೇಕು. ನೆದರ್‌ಲ್ಯಾಂಡ್ಸ್‌ಗೆ ಹೋಗಲು ಬೇಕಾದ ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು. 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಡಿಸೆಂಬರಿನ ರಜೆಯವರೆಗೆ ಕಾದು ಅರ್ಜಿ ಹಾಕಿದರೆ ಅಪಾಯಿಂಟ್‌ಮೆಂಟೇ ಸಿಗದೆ ಟಿಕೆಟ್ ಹಣ ಮುಳುಗುವುದುಂಟು. ಹತ್ತನೆಯ ತರಗತಿಯ ಪ್ರಿಲಿಮ್ ಪರೀಕ್ಷೆ ಕೂಡ ಜನವರಿಯಲ್ಲೇ ಬರುವುದರಿಂದ ಎಂಟನೆಯದರಲ್ಲೋ ಒಂಬತ್ತನೆಯದರಲ್ಲೋ ಹೋಗಿಬರುವುದು ಮೇಲು. ಹತ್ತು ಜನರ ಗುಂಪನ್ನು ಗೆದ್ದರೆ ಮರುವರ್ಷ ಒಂದು ಗುಂಪು ಮೇಲೆ ಆಡುವ ಹಕ್ಕು ಸಿಗುತ್ತದೆ. ಕುಳಿತ ಮೇಜಿನಿಂದ ತಲೆಯೆತ್ತಿದರೆ ಅದೇ ಸಭಾಂಗಣದ ವೇದಿಕೆಯ ಮೇಲೆ ಮಾಸ್ಟರ್ಸ್‌ನ ಏಳು ಬೋರ್ಡು ಕಾಣುತ್ತವೆ.